ಒಂದೇ ನಳಿಗೆ, ಐದು ಬಗೆಯ ತೋಟಾ: ರಿಪೇರಿಯಾದ .22 ರೈಫಲ್ ಹೇಗೆ ಹೊಡೆಯಿತು

ರಿಪೇರಿಯಾಗಿ ಬಂದ ರೈಫಲ್‌ನಲ್ಲಿ ಮೊದಲ ಐದು ಗುಂಡು ಹೊಡೆದು, 50 ಮೀಟರ್ ನಡೆದು ಹೋಗಿ ಟಾರ್ಗೆಟ್ ನೋಡಿದಾಗ ಹೊಟ್ಟೆ ಚುರುಕ್ ಅಂದಿತು. ತೀರಾ ದೂರ ಬಿದ್ದ ಎರಡು ತೂತುಗಳ ನಡುವೆ 41 ಮಿಲಿಮೀಟರ್. ಈ ದೂರ ಕಡಿಮೆಯಿದ್ದಷ್ಟೂ ಒಳ್ಳೆಯದು. ರಿಪೇರಿಗೆ ಕೊಡುವ ಮುಂಚೆ ಅದು 47 ಇತ್ತು. ಮೂರು ವಾರ ಕಾದಿದ್ದು ಇಷ್ಟಕ್ಕಾ? ಅಲ್ಲಿಂದಲೇ ರಿಪೇರಿ ಮಾಡಿದವರಿಗೆ ಫೋನ್ ಮಾಡಿದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಒಂದೇ ಪ್ರಶ್ನೆ ಕೇಳಿದರು: "ಯಾವ ತೋಟಾ ಹಾಕಿದ್ರಿ?"

ಬ್ಯಾಗಿನಲ್ಲಿ ಮೊದಲು ಕೈಗೆ ಸಿಕ್ಕ ಡಬ್ಬಿ ತೆಗೆದು ಹಾಕಿದ್ದೆ. ನೂರಾರು ತೋಟಾ ಒಟ್ಟಿಗೆ ಸುರಿದು ಮಾರುವ, ಸುಮ್ನೆ ಡಬ್ಬ ಹೊಡೆಯಲು ತರುವ ಅಗ್ಗದ ಮಾಲು. ಹಳೆಯ 47 ಬಂದದ್ದು ಬೇರೆಯೇ ತೋಟಾದಲ್ಲಿ. ಅಂದರೆ ನಾನು ಹೋಲಿಸಿದ್ದು ನಳಿಗೆಯ ಹಾಳಾದ ಹಳೇ ತುದಿ ಮತ್ತು ಒಳ್ಳೇ ತೋಟಾವನ್ನು, ಹೊಸ ತುದಿ ಮತ್ತು ಅಗ್ಗದ ತೋಟಾದ ಜೊತೆ. ಇದರಿಂದ ಏನು ಗೊತ್ತಾಗಬೇಕು? ಫೋನ್ ಇಟ್ಟ ಮೇಲೆ ನಾಚಿಕೆಯಾಯಿತು. ಸರಿ, ಮಾಡುವುದಾದರೆ ಸರಿಯಾಗಿಯೇ ಮಾಡೋಣ ಎಂದು ಐದು ಬಗೆಯ ತೋಟಾ ಗುಡ್ಡೆ ಹಾಕಿದೆ.

ಮೊದಲು ರೈಫಲ್‌ಗೆ ಆಗಿದ್ದೇನು ಅಂತ ಹೇಳಬೇಕು. ಬೆಂಚಿಗೆ ಒರಗಿಸಿಟ್ಟಿದ್ದು ಜಾರಿ, ನಳಿಗೆಯ ತುದಿ ಕಾಂಕ್ರೀಟ್ ನೆಲಕ್ಕೆ ಬಡಿಯಿತು. ತಪ್ಪು ನನ್ನದೇ. ಕಣ್ಣಿಗೆ ಕಂಡದ್ದು ಉಗುರಿನ ಗೀರಿನಷ್ಟು ಗಾಯ. ಆದರೆ ಕಿವಿಗೆ ಹಾಕುವ ಹತ್ತಿ ಕಡ್ಡಿಯನ್ನು ಒಳಗಿನಿಂದ ಹೊರಕ್ಕೆ ಎಳೆದಾಗ ಒಂದೇ ಜಾಗದಲ್ಲಿ ಪ್ರತಿ ಸಲ ಹತ್ತಿಯ ಎಳೆ ಸಿಕ್ಕಿಕೊಳ್ಳುತ್ತಿತ್ತು. ಗುಂಡು ನಳಿಗೆಯಿಂದ ಬಿಡಿಸಿಕೊಳ್ಳುವ ಕೊನೆಯ ಜಾಗ ಅದು. ಅಲ್ಲಿ ಅಂಚು ಒಂದು ಕಡೆ ಕಚ್ಚು ಬಿದ್ದಿದ್ದರೆ, ಹಿಂದಿನಿಂದ ನೂಕುವ ಗ್ಯಾಸ್ ಆ ಕಡೆಯಿಂದ ಒಂದು ಕ್ಷಣ ಮುಂಚೆ ನುಗ್ಗುತ್ತದೆ. ಗುಂಡಿನ ಬುಡ ಓರೆಯಾಗುತ್ತದೆ. ಆಮೇಲೆ ಅದು ತಿರುಗುವ ಬುಗುರಿ ವಾಲಾಡಿದ ಹಾಗೆ ವಾಲಾಡುತ್ತಾ ಹೋಗುತ್ತದೆ.

ರಿಪೇರಿ ಅಂದರೆ ತುದಿಯಿಂದ ಸುಮಾರು 3 ಮಿಲಿಮೀಟರ್ ಕತ್ತರಿಸಿ, ಲೇತ್‌ನಲ್ಲಿ ಹೊಸ ಅಂಚು ಕೊಟ್ಟಿದ್ದು. ಟಾರ್ಗೆಟ್ ನಳಿಗೆಗಳಿಗೆ ಸಾಮಾನ್ಯವಾಗಿ ಕೊಡುವ 11 ಡಿಗ್ರಿಯ ಇಳಿಜಾರು. ನಳಿಗೆ ಮೋಟಾಯಿತಲ್ಲ ಅಂತ ಚಿಂತಿಸಬೇಕಿಲ್ಲ. .22 ತೋಟಾದಲ್ಲಿರುವ ಚಿಟಿಕೆ ಮದ್ದು ತುದಿಗೆ ಬರುವ ಮುಂಚೆಯೇ ಉರಿದು ಮುಗಿದಿರುತ್ತದೆ. ರಿಪೇರಿಗೆ ಮುಂಚೆ ನಾಕೈದು ಗುಂಡು ಹೊಡೆದರೆ ತುದಿಯಲ್ಲಿ ಮಸಿ ಒಂದು ಪಕ್ಕಕ್ಕೆ ಬಾಲದ ಹಾಗೆ ಹರಡುತ್ತಿತ್ತು. ಈಗ ಸುತ್ತಲೂ ಒಂದೇ ಸಮ, ಪುಟ್ಟ ನಕ್ಷತ್ರದ ಹಾಗೆ. ಅದನ್ನು ನೋಡಿದಾಗಲೇ ಕೆಲಸ ಚೆನ್ನಾಗಿಯೇ ಆಗಿದೆ ಅಂತ ನನಗೆ ಹೊಳೆಯಬೇಕಿತ್ತು.

ಅಳತೆ ಹೀಗೆ. 50 ಮೀಟರ್, ಮುಂದೆ ಹಿಂದೆ ಮರಳು ಚೀಲ, ಗಾಳಿ ಏಳುವ ಮುಂಚಿನ ಬೆಳಗ್ಗೆ. ಐದೈದು ಗುಂಡಿನ ಐದು ಗುಂಪು, ಅವುಗಳ ಸರಾಸರಿ. ಮೂರು ಗುಂಡಿನ ಗುಂಪು ಹೊಡೆದು ಫೋಟೋ ತೆಗೆಯುವವರನ್ನು ನಾನು ನಂಬುವುದಿಲ್ಲ. ಮೂರು ಗುಂಡು ಅದೃಷ್ಟದಿಂದಲೂ ಒಂದೇ ತೂತಿಗೆ ಬೀಳಬಹುದು. ದೂರದ ಎರಡು ತೂತುಗಳ ಹೊರ ಅಂಚು ಅಳೆದು, ಅದರಲ್ಲಿ ಗುಂಡಿನ ದಪ್ಪ 5.6 ಮಿಲಿಮೀಟರ್ ಕಳೆದರೆ ನಡು ನಡುವಿನ ದೂರ ಸಿಗುತ್ತದೆ. ತೋಟಾ ಪಾಸಾಗಲು ನಾನು ಹಾಕಿಕೊಂಡ ಗೆರೆ 16 ಮಿಲಿಮೀಟರ್. 50 ಮೀಟರ್ ಸ್ಪರ್ಧೆಯ ಟಾರ್ಗೆಟ್‌ನಲ್ಲಿ ಹತ್ತರ ವೃತ್ತ 10.4 ಮಿಲಿಮೀಟರ್, ತೂತು ಗೆರೆಗೆ ತಾಗಿದರೂ ಹತ್ತೇ. ಹಾಗಾಗಿ 16ರೊಳಗಿನ ಗುಂಪನ್ನು ನಟ್ಟನಡುವೆ ಕೂರಿಸಿದರೆ ಹೆಚ್ಚುಕಡಿಮೆ ಐದೂ ಹತ್ತು.

ಮೊದಲ ದಿನ ಪೂರ್ತಿ ಹಾಳು. ಒಂದೊಂದು ಡಬ್ಬಿಯಿಂದ ಐದೈದು ತೆಗೆದು ಸರದಿಯಲ್ಲಿ ಹೊಡೆದೆ. ಎಲ್ಲರಿಗೂ ಸಮಾನ ನ್ಯಾಯ ಸಿಗುತ್ತದೆ ಅಂತ ನನ್ನ ಲೆಕ್ಕ. ಆದರೆ .22 ತೋಟಾದ ಸೀಸದ ಗುಂಡಿಗೆ ಹೊರಗಡೆಯೇ ಮೇಣ ಬಳಿದಿರುತ್ತದೆ, ಬೆರಳಿಗೆ ಜಿಡ್ಡು ಹತ್ತುತ್ತದಲ್ಲ, ಅದೇ. ಒಬ್ಬೊಬ್ಬರ ಮೇಣ ಒಂದೊಂದು ಥರ. ತೋಟಾ ಬದಲಿಸಿದಾಗ ಹಿಂದಿನ ಮೇಣ ನಳಿಗೆಯಲ್ಲಿ ಇನ್ನೂ ಕೂತಿರುತ್ತದೆ. ಹೊಸದು ಅದನ್ನು ಒರೆಸಿ ತನ್ನದನ್ನು ಬಳಿಯುವವರೆಗೆ ಗುಂಡುಗಳು ಸುಳ್ಳು ಹೇಳುತ್ತವೆ. ಅಗ್ಗದ ತೋಟಾ ಹೊಡೆದ ಬೆನ್ನಿಗೇ, ನಾನು ಹಿಂದೆ ಬಳಸುತ್ತಿದ್ದ ಎಸ್‌ಕೆ ಸ್ಟ್ಯಾಂಡರ್ಡ್ ಪ್ಲಸ್ ಹಾಕಿದರೆ 24 ಮಿಲಿಮೀಟರ್ ಬಂತು. ಅದನ್ನೇ ಹದಿನೈದು ಗುಂಡು ಸುಮ್ಮನೆ ಮಣ್ಣಿನ ದಿಬ್ಬಕ್ಕೆ ಹೊಡೆದು, ಆಮೇಲೆ ಕಾಗದಕ್ಕೆ ಹೊಡೆದರೆ 14. ರೈಫಲ್ ಅದೇ, ಡಬ್ಬಿ ಅದೇ, ಹೊಡೆದವನೂ ನಾನೇ. ಮೊದಲ ದಿನದ ಹಾಳೆಗಳನ್ನೆಲ್ಲ ಹರಿದು ಹಾಕಿದೆ. ಎರಡನೇ ದಿನದಿಂದ ತೋಟಾ ಬದಲಿಸಿದಾಗಲೆಲ್ಲ ಹದಿನೈದು ಗುಂಡು ದಿಬ್ಬಕ್ಕೆ ಅಂತ ನಿಯಮ ಮಾಡಿಕೊಂಡೆ. ದುಬಾರಿ ತೋಟಾ ಹಾಗೆ ಮಣ್ಣಿಗೆ ಹೋಗುವುದನ್ನು ನೋಡುವಾಗ ಹೊಟ್ಟೆ ಉರಿಯುತ್ತದೆ, ಏನು ಮಾಡುವುದು.

ಅಗ್ಗದ ಮಾಲಿನಿಂದಲೇ ಶುರು ಮಾಡಿದೆ. 36 ಗ್ರೇನ್ ಗುಂಡು (ಗ್ರೇನ್ ಅಂದರೆ ಗುಂಡಿನ ತೂಕದ ಅಳತೆ), ತಾಮ್ರದ ತೆಳು ಲೇಪ, ಹೈ ವೆಲಾಸಿಟಿ, ಅಂದರೆ ಜಾಸ್ತಿ ವೇಗದ್ದು. ಸರಾಸರಿ 39 ಮಿಲಿಮೀಟರ್. ಚೆನ್ನಾಗಿ ಬಂದ ಗುಂಪು 24, ಕೆಟ್ಟದ್ದು 61. ಮೂರು ಗುಂಡು ಒಟ್ಟಿಗೆ ಕೂತು ಆಸೆ ಹುಟ್ಟಿಸುತ್ತವೆ, ನಾಲ್ಕನೆಯದು ಎಲ್ಲಿಗೋ ಹೋಗುತ್ತದೆ. ಗೆಳೆಯನ ಕ್ರೋನೋಗ್ರಾಫ್ ಇಟ್ಟು ವೇಗ ನೋಡಿದೆ. ನಿಧಾನದ್ದು ಸೆಕೆಂಡಿಗೆ 362 ಮೀಟರ್, ವೇಗದ್ದು 391. ಈ ವ್ಯತ್ಯಾಸ ಒಂದೇ ಸಾಕು, 50 ಮೀಟರ್‌ನಲ್ಲಿ ಗುಂಡುಗಳು ಮೇಲೆ ಕೆಳಗೆ ಒಂದು ಸೆಂಟಿಮೀಟರಿಗಿಂತ ಜಾಸ್ತಿ ಚದುರುತ್ತವೆ. ಅದಕ್ಕೆ ನಳಿಗೆ ತುದಿಯೇನು ಮಾಡೀತು?

ಇನ್ನೊಂದು ಹೈ ವೆಲಾಸಿಟಿ, ಇದು ಒಳ್ಳೆಯ ಹೆಸರಿರುವ 40 ಗ್ರೇನಿನದು. ಸರಾಸರಿ 26. ಒಂದೂ ಸಿಡಿಯದೆ ಉಳಿಯಲಿಲ್ಲ, ಒಂದೂ ಸಿಕ್ಕಿಕೊಳ್ಳಲಿಲ್ಲ. ಆದರೂ ನನ್ನ ಗೆರೆಗೆ ತುಂಬಾ ದೂರ. ಸ್ಕೋಪ್ ಮುಟ್ಟದೆ ಹೊಡೆದಾಗ ಇದರ ಗುಂಪು ನಿಧಾನದ ತೋಟಾಗಳಿಗಿಂತ ಎರಡೂವರೆ ಸೆಂಟಿಮೀಟರ್ ಮೇಲೆ ಕೂತಿತು. ವೇಗ ಜಾಸ್ತಿಯಾದರೆ ಬೀಳಲು ಸಮಯ ಕಡಿಮೆ, ಅಷ್ಟೇ. ಹೀಗಾಗಿ ತೋಟಾ ಬದಲಿಸಿದ ಮೇಲೆ ಸ್ಕೋಪ್ ಕೆಟ್ಟಿದೆ ಅಂತ ಗಾಬರಿಯಾಗಬಾರದು.

ವೇಗದ ತೋಟಾ ಗಾಳಿಗೆ ಕಡಿಮೆ ಸರಿಯುತ್ತದೆ ಅಂತ ತುಂಬಾ ಜನ ತಿಳಿದಿದ್ದಾರೆ. ನಾನೂ ತಿಳಿದಿದ್ದೆ. .22ರಲ್ಲಿ ಅದು ಉಲ್ಟಾ. 20 ಡಿಗ್ರಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಆ ವೇಗದ ಆಸುಪಾಸಿನಲ್ಲಿ ಗಾಳಿಯ ತಡೆ ಒಮ್ಮೆಲೇ ಏರುತ್ತದೆ. 375ರಲ್ಲಿ ಹೊರಟ ಗುಂಡು ಅಲ್ಲೇ ಒದ್ದಾಡಿ ವೇಗ ಕಳೆದುಕೊಳ್ಳುತ್ತದೆ. ಪಕ್ಕದ ಗಾಳಿ ಎಷ್ಟು ತಳ್ಳುತ್ತದೆ ಎಂಬುದು ಗುಂಡು ದಾರಿಯಲ್ಲಿ ಎಷ್ಟು ಹೊತ್ತು ಕಳೆದುಕೊಂಡಿತು ಎಂಬುದರ ಮೇಲೆ ನಿಂತಿದೆ, ಎಷ್ಟು ಬೇಗ ಹೊರಟಿತು ಎಂಬುದರ ಮೇಲಲ್ಲ. 330ರ ಆಸುಪಾಸಿನಲ್ಲಿ ಹೊರಟದ್ದಕ್ಕೆ ಆ ರಗಳೆ ಅಷ್ಟಿಲ್ಲ. ಸ್ಪರ್ಧೆಯ ತೋಟಾಗಳೆಲ್ಲ ನಿಧಾನದವೇ ಆಗಿರುವುದು ಸುಮ್ನೆ ಅಲ್ಲ.

ಇನ್ನೂ ವೇಗದ ಸಿಸಿಐ ಸ್ಟಿಂಗರ್ ಹೊಡೆದು ನೋಡು ಅಂತ ಗೆಳೆಯ ಹೇಳಿದ. ಹೊಡೆಯಲಿಲ್ಲ. ಅದರ ಕೇಸ್, ಅಂದರೆ ಮದ್ದು ತುಂಬುವ ಲೋಹದ ಕೊಳವೆ, ಸುಮಾರು 18 ಮಿಲಿಮೀಟರ್ ಉದ್ದ, ಮಾಮೂಲಿ .22 ತೋಟಾದ್ದು 15.6. ನನ್ನದು ಬಿಗಿಯಾದ ಮ್ಯಾಚ್ ಚೇಂಬರ್, ಅಂದರೆ ತೋಟಾ ಕೂರುವ ಗೂಡು ಸ್ಪರ್ಧೆಗೆಂದೇ ಕಿರಿದಾಗಿ ಮಾಡಿದ್ದು. ಅಂಥದ್ದರಲ್ಲಿ ಇದನ್ನು ಹಾಕಬೇಡಿ ಅಂತ ರೈಫಲ್ ತಯಾರಕರೇ ಎಚ್ಚರಿಸುತ್ತಾರೆ. ಒಂದು ರಿಪೇರಿಯೇ ಸಾಕಾಗಿತ್ತು ನನಗೆ.

ನಿಧಾನದ ಸಾಲಿಗೆ ಬಂದ ತಕ್ಷಣ ರೈಫಲ್ಲೇ ಬದಲಾದ ಹಾಗಾಯಿತು. ಸಿಸಿಐ ಸ್ಟ್ಯಾಂಡರ್ಡ್ ವೆಲಾಸಿಟಿ, 40 ಗ್ರೇನ್, ಡಬ್ಬಿಯ ಮೇಲೆ ಸೆಕೆಂಡಿಗೆ 1070 ಅಡಿ, ಅಂದರೆ ಸುಮಾರು 326 ಮೀಟರ್. ಸರಾಸರಿ 19. ದಿನನಿತ್ಯದ ಅಭ್ಯಾಸಕ್ಕೆ ಇದಕ್ಕಿಂತ ಜಾಸ್ತಿ ಕೇಳಲು ನನಗೆ ಮನಸ್ಸು ಬರುವುದಿಲ್ಲ.

ಎಸ್‌ಕೆ ಸ್ಟ್ಯಾಂಡರ್ಡ್ ಪ್ಲಸ್ ನನ್ನ ಪಾಲಿಗೆ ತುಂಬಾ ಮುಖ್ಯ, ಯಾಕೆಂದರೆ ಹಳೆಯ ಹಾಳೆಗಳೆಲ್ಲ ಇದರವೇ. ಬೀಳುವ ಮುಂಚೆ 16, ಬಿದ್ದ ಮೇಲೆ 47. ಈಗ ಐದು ಗುಂಪಿನ ಸರಾಸರಿ 15. ಒಂದು ಮಿಲಿಮೀಟರ್ ಕಡಿಮೆಯಾಯಿತು ಅಂತ ರಿಪೇರಿಯವರನ್ನು ಹೊಗಳುವುದಿಲ್ಲ, ಅಷ್ಟು ವ್ಯತ್ಯಾಸ ನನ್ನ ಉಸಿರಾಟದಿಂದಲೂ ಬರಬಹುದು. ಆದರೆ 47 ಹೋಗಿ 15 ಬಂದದ್ದು ನನ್ನ ಉಸಿರಿನಿಂದ ಅಲ್ಲ. ರಿಪೇರಿಗೆ ಉತ್ತರ ಈ ಒಂದು ಹೋಲಿಕೆಯಲ್ಲಿದೆ. ಉಳಿದ ನಾಲ್ಕೂ ತೋಟಾದ ಮಾತು.

ಕೊನೆಗೆ ಎಲೀ ಕಂಪನಿಯ ಸ್ಪರ್ಧೆಯ ತೋಟಾ, ಟೆನೆಕ್ಸ್. ಗುಂಡಿನ ಮೂತಿ ಚಪ್ಪಟೆ, ವೇಗ ಸೆಕೆಂಡಿಗೆ 331 ಮೀಟರ್, ಬೆಲೆ ಎಸ್‌ಕೆಗಿಂತ ಎಷ್ಟೋ ಪಟ್ಟು. ಒಂದು ಡಬ್ಬಿ ಮುಗಿಸಿದೆ: 18. ಇಷ್ಟು ದುಡ್ಡಿಗೆ ಇದಾ ಅಂತ ಮುಖ ಸಣ್ಣದಾಯಿತು. ಎರಡನೇ ಡಬ್ಬಿ ಒಡೆದೆ: 12. ಮೂರು ತೂತು ಸೇರಿ ಎಲೆಕೋಸಿನ ಎಲೆಯನ್ನು ಹುಳ ತಿಂದ ಹಾಗೆ ಒಂದೇ ತೂತಾಗಿತ್ತು. ಡಬ್ಬಿ ತಿರುಗಿಸಿ ನೋಡಿದರೆ ಲಾಟ್ ನಂಬರ್, ಅಂದರೆ ಒಟ್ಟಿಗೆ ತಯಾರಾದ ಕಂತಿನ ಗುರುತು, ಬೇರೆ ಬೇರೆ. ಇದನ್ನು ಹೆಸರಿನ ಮೋಸ ಅನ್ನಲಾಗದು, .22ರ ಸ್ವಭಾವವೇ ಹೀಗೆ. ಮೊದಲ ಲಾಟ್ ಇನ್ನೊಬ್ಬರ ನಳಿಗೆಯಲ್ಲಿ 10 ಕೊಟ್ಟರೂ ಆಶ್ಚರ್ಯವಿಲ್ಲ. ಅದಕ್ಕೇ ಬರ್ಮಿಂಗ್‌ಹ್ಯಾಮ್‌ನಲ್ಲಿ ಎಲೀ, ಜರ್ಮನಿಯ ಶೋನೆಬೆಕ್‌ನಲ್ಲಿ ಲಪುವಾ ಎಂಬ ಇನ್ನೊಂದು ತೋಟಾ ಕಂಪನಿ ಟೆಸ್ಟ್ ರೇಂಜ್ ಇಟ್ಟುಕೊಂಡಿವೆ. ಶೂಟರ್‌ಗಳು ತಮ್ಮ ರೈಫಲ್ ಒಯ್ದು, ಅದನ್ನು ಕ್ಲಾಂಪ್‌ನಲ್ಲಿ ಬಿಗಿದು, ಹಲವು ಲಾಟ್ ಹೊಡೆದು, ಒಪ್ಪಿದ ಲಾಟ್ ಮಾತ್ರ ಕೊಂಡು ಬರುತ್ತಾರೆ. ಅಂದ ಹಾಗೆ ಎಸ್‌ಕೆ ಕೂಡ ಅದೇ ಶೋನೆಬೆಕ್‌ನಲ್ಲೇ ತಯಾರಾಗುವುದು. ಅಗ್ಗದ ಅಣ್ಣತಮ್ಮ ಅನ್ನಬಹುದು.

ಹಾಗಾದರೆ ಯಾವುದು? ಅಭ್ಯಾಸಕ್ಕೆ ಎಸ್‌ಕೆ, ಕಣ್ಣು ಮುಚ್ಚಿಕೊಂಡು. ಸಿಸಿಐ ಕೂಡ ಚೆನ್ನಾಗಿದೆ, ಆದರೆ ಎರಡನ್ನೂ ಬದಲಿಸಿ ಬದಲಿಸಿ ಹೊಡೆಯಲು ಹೋದರೆ ಮತ್ತೆ ಆ ಮೇಣದ ಗೋಳು. ಸ್ಪರ್ಧೆಗೆ ಟೆನೆಕ್ಸ್, ಆದರೆ ಆ ಎರಡನೇ ಲಾಟ್ ಸಿಕ್ಕರೆ ಮಾತ್ರ. ಸಿಗದಿದ್ದರೆ 15ರ ಎಸ್‌ಕೆ ಬಿಟ್ಟು 18ಕ್ಕೆ ಜಾಸ್ತಿ ದುಡ್ಡು ಸುರಿಯುವಷ್ಟು ಹುಚ್ಚು ನನಗಿಲ್ಲ. ಅಗ್ಗದ ಡಬ್ಬಿಯಲ್ಲಿ ಇನ್ನೂ ಮುನ್ನೂರು ಚಿಲ್ಲರೆ ಉಳಿದಿವೆ. ಖಾಲಿ ಡಬ್ಬ ಉರುಳಿಸಲು ಅವು ಈಗಲೂ ಚೆನ್ನಾಗಿಯೇ ಇವೆ.

ಎಸ್‌ಕೆಯ ಆ ಲಾಟ್‌ನಲ್ಲೇ ಐನೂರರ ಎರಡು ಕಟ್ಟು ತಂದಿಟ್ಟು, ಮುಚ್ಚಳದ ಮೇಲೆ ತಾರೀಕು ಮತ್ತು 15 ಅಂತ ಮಾರ್ಕರ್‌ನಲ್ಲಿ ಬರೆದೆ. ಆ ಹಾಳೆಯ ಫೋಟೋವನ್ನು ರಿಪೇರಿಯವರಿಗೆ ಕಳಿಸಿದೆ. ಅರ್ಧ ಗಂಟೆ ಬಿಟ್ಟು ಉತ್ತರ ಬಂತು: "ಇನ್ನು ಮೇಲೆ ಬೆಂಚಿಗೆ ಒರಗಿಸಬೇಡಿ."