ಗೇರ್ ಬೀಳುತ್ತಿಲ್ಲ ಅಂದ ತಕ್ಷಣ ಕ್ಲಚ್ ಪ್ಲೇಟ್ ಬದಲಾಯಿಸಬೇಡಿ, ನಾನು 16,950 ರೂಪಾಯಿ ಕಳೆದುಕೊಂಡೆ

ತುಮಕೂರಿನವರು, ಅದರಲ್ಲೂ ಹಳೆ ಡೀಸೆಲ್ ಕಾರು ಇಟ್ಟುಕೊಂಡಿರುವವರು ದಯವಿಟ್ಟು ಪೂರ್ತಿ ಓದಿ. ಗ್ಯಾರೇಜ್ ಹೆಸರು ಬರೆಯಲ್ಲ, ಬರೆದರೆ ಇನ್ನೊಂದು ರಗಳೆ. ಆದರೆ ನಡೆದದ್ದನ್ನು ಒಂದೂ ಬಿಡದೆ ಬರೆಯುತ್ತೇನೆ. ಮೂರು ದಿನದಿಂದ ಹೊಟ್ಟೆ ಉರಿಯುತ್ತಿದೆ.

ಹೋದ ತಿಂಗಳು ಒಂದು ಭಾನುವಾರ ಹೆಂಡತಿ, ಮಗಳು, ಅತ್ತೆಯನ್ನು ಕರೆದುಕೊಂಡು ದೇವರಾಯನದುರ್ಗಕ್ಕೆ ಹೋಗಿದ್ದೆ. ನಾಮದ ಚಿಲುಮೆಯಲ್ಲಿ ಅತ್ತೆ ಒಂದು ಬಾಟಲ್ ನೀರು ಹಿಡಿದುಕೊಂಡರು, ಅವರ ಪಾಲಿಗೆ ಅದು ತೀರ್ಥ. ಆ ಬಾಟಲ್ ನೆನಪಿಟ್ಟುಕೊಳ್ಳಿ. ನಾಲ್ಕು ಜನ ಕೂತಿದ್ದ ಕಾರು ಬೆಟ್ಟವನ್ನು ಸೆಕೆಂಡ್ ಗೇರಲ್ಲಿ ಸಲೀಸಾಗಿ ಹತ್ತಿತ್ತು. ಅದನ್ನೂ ನೆನಪಿಟ್ಟುಕೊಳ್ಳಿ. ನಾನು ಎರಡನ್ನೂ ಮರೆತೆ.

ವಾಪಸ್ ಬರುವಾಗ ಟೌನ್ ಹಾಲ್ ಸರ್ಕಲ್ ಸಿಗ್ನಲಲ್ಲಿ ಕ್ಲಚ್ ಒತ್ತಿದರೆ ಪೆಡಲ್ ಮೆತ್ತಗೆ ನೆಲಕ್ಕೆ ಹೋಯಿತು. ಫಸ್ಟ್ ಗೇರ್ ಬೀಳುತ್ತಲೇ ಇಲ್ಲ. ರಿವರ್ಸ್‌ಗೆ ಹಾಕಿದರೆ ಕರ್ ಅಂತ ಸದ್ದು. ಹಿಂದೆ ಬಸ್ಸಿನವನ ಹಾರನ್. ಎಂಜಿನ್ ಆಫ್ ಮಾಡಿದರೆ ಗೇರ್ ಸುಮ್ನೆ ಬೀಳುತ್ತೆ, ಸ್ಟಾರ್ಟ್ ಮಾಡಿದರೆ ಇಲ್ಲ. ಗಾಬರಿಯಲ್ಲಿ ಪೆಡಲನ್ನು ನಾಲ್ಕೈದು ಸಲ ಪಂಪ್ ಮಾಡಿದೆ. ಆಗ ಬಿತ್ತು. ಹಾಗೇ ತುಳಿಯುತ್ತಾ ತುಳಿಯುತ್ತಾ ಮನೆ ಸೇರಿದೆ. ಮಾರನೇ ದಿನ ಗ್ಯಾರೇಜಿಗೆ ಬಿಟ್ಟೆ.

ಅವರು ಬಾನೆಟ್ ಕೂಡ ಎತ್ತಲಿಲ್ಲ. ಒಳಗೆ ಕೂತರು, ಪೆಡಲ್ ಒಂದು ಸಲ ಒತ್ತಿದರು, ಇಳಿದರು.

"ಪ್ಲೇಟ್ ಹೋಗೈತೆ ಸಾರ್. ಸೆಟ್ಟೇ ಹಾಕ್ಬೇಕು."

ಪ್ಲೇಟ್ ಅಂದರೆ ಎಂಜಿನ್ನಿನ ಶಕ್ತಿಯನ್ನು ಗೇರ್‌ಬಾಕ್ಸಿಗೆ ದಾಟಿಸುವ ಬಿಲ್ಲೆ. ಪಂಪ್ ಮಾಡಿದರೆ ಗೇರ್ ಬೀಳುತ್ತಲ್ಲ ಅಂತ ಕೇಳಿದೆ.

"ಸಾಯೋಕ್ ಮುಂಚೆ ಹಂಗೇ ಸಾರ್, ಒಂದೆರಡ್ ಸಲ ಕೆಮ್ಮುತ್ತೆ."

ಹುಡುಗರೆಲ್ಲ ನಕ್ಕರು. ನಾನೂ ನಕ್ಕೆ. ಆ ನಗು ನೆನಪಾದರೆ ಈಗ ಮೈ ಪರಚಿಕೊಳ್ಳುವ ಹಾಗೆ ಆಗುತ್ತೆ.

ಕ್ಲಚ್ ಸೆಟ್ 9,800, ಗೇರ್‌ಬಾಕ್ಸ್ ಇಳಿಸಿ ಏರಿಸುವ ಲೇಬರ್ 4,500, ಫ್ಲೈವೀಲ್ ಫೇಸಿಂಗ್ (ಪ್ಲೇಟ್ ಒತ್ತಿಕೊಳ್ಳುವ ಎಂಜಿನ್ ಚಕ್ರದ ಮುಖ ಸಮ ಮಾಡುವುದು) 1,500, ಗೇರ್ ಆಯಿಲ್ 900, ಬ್ರೇಕ್ ಆಯಿಲ್ 250. ಬಿಳಿ ಚೀಟಿಯಲ್ಲಿ ಬರೆದ ಲೆಕ್ಕ. ಪಕ್ಕಾ ಬಿಲ್ ಕೇಳಿದರೆ ಜಿಎಸ್‌ಟಿ 18 ಪರ್ಸೆಂಟ್ ಜಾಸ್ತಿ ಅಂತ ಹೆದರಿಸುವುದು ನಿಮಗೂ ಗೊತ್ತಲ್ವಾ, ಅದೇ. ಹಳೆ ಪ್ಲೇಟನ್ನು ಹೊಸ ಪ್ಲೇಟಿನ ಡಬ್ಬಿಯಲ್ಲೇ ಹಾಕಿ ಕೈಗೆ ಕೊಟ್ಟರು. "ನೋಡಿ ಸಾರ್, ರಿವಿಟ್ ಕಾಣೋ ಅಷ್ಟು ಸವೆದೈತೆ. ಇನ್ನೊಂದಿಷ್ಟು ಓಡ್ಸಿದ್ರೆ ಫ್ಲೈವೀಲೇ ಹೋಗ್ತಿತ್ತು." ನಾನು ಥ್ಯಾಂಕ್ಸ್ ಹೇಳಿ, ಹುಡುಗರಿಗೆ ಟೀಗೆ ಅಂತ 200 ರೂಪಾಯಿ ಬೇರೆ ಕೊಟ್ಟು ಬಂದೆ!

ಏಳನೇ ದಿನ ಅದೇ ಕಥೆ. ಪೆಡಲ್ ನೆಲಕ್ಕೆ.

ಫೋನ್ ಮಾಡಿದೆ. "ಹೊಸ ಪ್ಲೇಟ್ ಅಲ್ವಾ ಸಾರ್, 500 ಕಿಲೋಮೀಟರ್ ಓಡ್ಲಿ, ಸೆಟ್ ಆಗುತ್ತೆ." ಮಾರನೇ ದಿನ ಮತ್ತೆ ಮಾಡಿದೆ. "ನೀವು ಹಾಫ್ ಕ್ಲಚ್ಚಲ್ಲಿ ಓಡಿಸ್ತೀರೇನೋ ಸಾರ್." ಮೂರನೇ ಸಲ, "ಮತ್ತೆ ಇಳಿಸಿ ನೋಡ್ಬೇಕು. ಲೇಬರ್ ಬೇರೆ ಆಗುತ್ತೆ." ಇಲ್ಲಿಂದ ಮುಂದೆ ಆ ಗ್ಯಾರೇಜಿನವನನ್ನು ನಾನು 'ಅವರು' ಅಂತ ಬರೆಯಲ್ಲ.

ನನ್ನ ಭಾಮೈದ ಗುಬ್ಬಿಯಿಂದ ಒಬ್ಬ ವಯಸ್ಸಾದ ಮೆಕ್ಯಾನಿಕ್ಕನ್ನು ಕರೆತಂದ. ಅವರು ಬಾಗಿಲು ತೆಗೆದು ಮಂಡಿಯೂರಿ, ಕ್ಲಚ್ ಪೆಡಲಿನ ಮೇಲ್ಗಡೆ ಕೈ ಹಾಕಿದರು. ಬೆರಳು ಒದ್ದೆ.

"ಮ್ಯಾಟ್ ಯಾವಾಗಿಂದ ಹಿಂಗೈತೆ ಮೇಷ್ಟ್ರೇ?"

ಅವತ್ತು ದುರ್ಗದಿಂದ ಬಂದಾಗಲೇ ಒದ್ದೆ ಇತ್ತು. ಅತ್ತೆಯ ಬಾಟಲ್ ಸೋರಿದೆ ಅಂದುಕೊಂಡು ಒರೆಸಿ ಬಿಟ್ಟಿದ್ದೆ. ಹಾಗೇ ಹೇಳಿದೆ. ಅವರು ಎರಡು ಬೆರಳು ಉಜ್ಜಿ ತೋರಿಸಿದರು. "ತೀರ್ಥ ಹಿಂಗೆ ಜಾರುತ್ತಾ?"

ಕ್ಲಚ್ ಮಾಸ್ಟರ್ ಸಿಲಿಂಡರ್ ಲೀಕ್. ನನ್ನ ಕಾರಿನದು ಹೈಡ್ರಾಲಿಕ್ ಕ್ಲಚ್, ಅಂದರೆ ಪೆಡಲ್ ಒತ್ತಿದಾಗ ಆ ಸಿಲಿಂಡರ್ ಆಯಿಲ್ ತಳ್ಳಿ ಕ್ಲಚ್ ಬಿಡಿಸುತ್ತೆ. ಬ್ರೇಕ್ ಆಯಿಲ್ ಡಬ್ಬಿಯಿಂದಲೇ ಅದಕ್ಕೂ ಆಯಿಲ್ ಹೋಗುತ್ತೆ. ಆಯಿಲ್ ಸೋರಿ ಲೈನಿಗೆ ಗಾಳಿ ಸೇರಿದರೆ ಪೆಡಲ್ ತುಳಿದರೂ ಕ್ಲಚ್ ಪೂರ್ತಿ ಬಿಡುವುದಿಲ್ಲ, ಗೇರ್ ಬೀಳುವುದಿಲ್ಲ. ಪಂಪ್ ಮಾಡಿದರೆ ಸ್ವಲ್ಪ ಪ್ರೆಶರ್ ಬರುತ್ತೆ, ಬೀಳುತ್ತೆ. ಅಷ್ಟೇ ವಿಷಯ. ಸಿಲಿಂಡರ್ ಬದಲಾಯಿಸಿ, ಗಾಳಿ ತೆಗೆದು, ಎಲ್ಲ ಸೇರಿ 2,650 ರೂಪಾಯಿ. ಗೇರ್‌ಬಾಕ್ಸ್ ಮುಟ್ಟಲೇ ಇಲ್ಲ.

ಹಾಗಾದರೆ ಆರು ದಿನ ಹೇಗೆ ಸರಿ ಇತ್ತು ಅಂತ ಕೇಳಿದೆ. ಚೀಟಿ ನೋಡಿ ನಕ್ಕರು. ಬ್ರೇಕ್ ಆಯಿಲ್ 250! ಡಬ್ಬಿ ತುಂಬಿ, ಗಾಳಿ ತೆಗೆದು ಕಳಿಸಿದ್ದಾನೆ. ಅಂದರೆ ಆಯಿಲ್ ಕಮ್ಮಿ ಆಗಿರುವುದು ಅವನಿಗೆ ಗೊತ್ತಿತ್ತು. ಗೊತ್ತಿತ್ತು ಸ್ವಾಮಿ.

ಇನ್ನೂ ಇದೆ. ಡಿಕ್ಕಿಯಲ್ಲಿದ್ದ ಹಳೆ ಪ್ಲೇಟಿನ ಡಬ್ಬಿ ಅಲ್ಲಾಡಿಸಿದರೆ ಒಳಗೆ ಪ್ಲೇಟ್ ಲೊಟಲೊಟ ಅನ್ನುತ್ತಿತ್ತು. ಡಬ್ಬಿಯ ಮೇಲೆ 215 ಮಿಲಿಮೀಟರ್ ಅಂತ ಅಚ್ಚಾಗಿದೆ, ಅಂದರೆ ನನ್ನ ಕಾರಿಗೆ ಹಾಕಿದ ಹೊಸ ಪ್ಲೇಟಿನ ಅಗಲ 21.5 ಸೆಂಟಿಮೀಟರ್. ಮಗಳ ಸ್ಕೇಲ್ ತಂದು ಇಟ್ಟೆ. ಪ್ಲೇಟ್ 19 ಸೆಂಟಿಮೀಟರ್. ಎರಡು ಸಲ ಇಟ್ಟೆ. 19. ಅದು ನನ್ನ ಕಾರಿನ ಪ್ಲೇಟೇ ಅಲ್ಲ! ಹೈಸ್ಕೂಲಲ್ಲಿ ಗಣಿತ ಹೇಳಿಕೊಡುವ ನಾನು ಇದನ್ನು ವಾರಪೂರ್ತಿ ಡಿಕ್ಕಿಯಲ್ಲಿ ಇಟ್ಟುಕೊಂಡು ತಿರುಗಿದ್ದೆ.

ಫೋಟೋ ವಾಟ್ಸಾಪ್ ಮಾಡಿದೆ. ಉತ್ತರ ಏನು ಗೊತ್ತಾ? "ಸವೆದೈತಲ್ಲ ಸಾರ್, ಸವೆದ್ರೆ ಚಿಕ್ಕದಾಗಲ್ವಾ?"

ಪ್ಲೇಟ್ ಸವೆದರೆ ತೆಳ್ಳಗಾಗುತ್ತೆ ಕಣಪ್ಪಾ, ಅಗಲ ಹಾಗೇ ಇರುತ್ತೆ. ಚಪ್ಪಲಿ ಸವೆದರೆ ಅಟ್ಟೆ ತೆಳ್ಳಗಾಗುತ್ತೆ, 8ನೇ ನಂಬರ್ ಚಪ್ಪಲಿ 6 ಆಗುತ್ತಾ? ಹೀಗೇ ಬರೆದು ಕಳಿಸಿದೆ. ಬ್ಲೂ ಟಿಕ್ ಬಿತ್ತು, ಉತ್ತರ ಇಲ್ಲ.

ನಿಮಗೆ ಹೇಳುವುದು ಇಷ್ಟೇ. ನಿಜವಾಗಿ ಪ್ಲೇಟ್ ಸವೆದಿದ್ದರೆ ಏರಿನಲ್ಲಿ ಎಂಜಿನ್ ಕೂಗುತ್ತೆ, ಕಾರು ಎಳೆಯುವುದಿಲ್ಲ, ಸುಟ್ಟ ವಾಸನೆ ಬರುತ್ತೆ. ಗೇರ್ ಬೀಳುವುದಿಲ್ಲ, ಎಂಜಿನ್ ಆಫ್ ಮಾಡಿದರೆ ಬೀಳುತ್ತೆ, ಪಂಪ್ ಮಾಡಿದರೂ ಬೀಳುತ್ತೆ ಅಂದರೆ ಮೊದಲು ಆಯಿಲ್ ಡಬ್ಬಿ ನೋಡಿ, ಪೆಡಲ್ ಹತ್ತಿರ ಮ್ಯಾಟ್ ಮುಟ್ಟಿ ನೋಡಿ. ಕೇಬಲ್ ಕ್ಲಚ್ ಆದರೆ ಕೇಬಲ್ ನೋಡಿಸಿ. ಗೇರ್‌ಬಾಕ್ಸ್ ಇಳಿಸಲೇಬೇಕು ಅಂದರೆ ಪ್ಲೇಟ್ ತೆಗೆಯುವಾಗ ಅಲ್ಲೇ ನಿಂತಿರಿ. ಟೀ ಕುಡಿದು ಬನ್ನಿ ಸಾರ್ ಅಂದರೆ ಹೋಗಬೇಡಿ. ನಾನು ಹೋಗಿದ್ದೆ.

ನನ್ನ ಕಾರಿಂದ ತೆಗೆದ ಪ್ಲೇಟ್ ಎಲ್ಲಿ ಅಂತ ನಿನ್ನೆ ಗ್ಯಾರೇಜಿಗೇ ಹೋಗಿ ಕೇಳಿದೆ. "ಗುಜರಿಗೆ ಹೋಯ್ತು ಸಾರ್" ಅಂದ. ಬೆಟ್ಟ ಹತ್ತಿದ ಪ್ಲೇಟ್ ಅದು. ನಾನು ಅಲ್ಲೇ ನಿಂತಿದ್ದಾಗ ಇನ್ನೊಬ್ಬರ ಕಾರಿನ ಪೆಡಲ್ ಒತ್ತಿ ಇಳಿದು, "ಸೆಟ್ಟೇ ಹಾಕ್ಬೇಕು" ಅನ್ನುತ್ತಿದ್ದ.