ಮಿನಿ ಟ್ರ್ಯಾಕ್ಟರ್‌ಗೆ ಹೊಸ ಬ್ಯಾಟರಿ ಹಾಕುವ ಮುನ್ನ ಪ್ಲಸ್ ಯಾವ ಕಡೆಗಿದೆ ನೋಡಿ

ಮೂರು ಸಿಲಿಂಡರ್ ಡೀಸೆಲ್ ಮಿನಿ ಟ್ರ್ಯಾಕ್ಟರ್ ಒಂದಕ್ಕೆ ಬ್ಯಾಟರಿ ಬದಲಿಸಲು ಹೋಗಿ ಆಲ್ಟರ್ನೇಟರ್ (ಬ್ಯಾಟರಿ ಚಾರ್ಜ್ ಮಾಡುವ ಜನರೇಟರ್), ಅದರ ವೋಲ್ಟೇಜ್ ಹತೋಟಿಯಲ್ಲಿಡುವ ರೆಗ್ಯುಲೇಟರ್, ಜೊತೆಗೆ ಮುಂಭಾಗದ ಅರ್ಧ ವೈರಿಂಗ್ ಸುಟ್ಟುಹೋಯಿತು. ಇಂಜಿನ್ ಸ್ಟಾರ್ಟ್ ಮಾಡಿರಲಿಲ್ಲ, ಕೀ ಕೂಡ ಆಫ್‌ನಲ್ಲೇ ಇತ್ತು. ಆಗಿದ್ದು ಇಷ್ಟೇ: ಹೊಸ ಬ್ಯಾಟರಿಯಲ್ಲಿ ಪ್ಲಸ್ ಮತ್ತು ಮೈನಸ್ ಹಳೆಯದಕ್ಕಿಂತ ಅದಲುಬದಲಾಗಿದ್ದವು. ಕೇಬಲ್‌ಗಳನ್ನು ಗುರುತು ನೋಡದೆ ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ ಎಂದು ಹಾಕಲಾಯಿತು.

ಇಂಥ ತಪ್ಪು ಯಾರು ಮಾಡುತ್ತಾರೆ ಅನಿಸಬಹುದು. ಸಣ್ಣ ಟ್ರ್ಯಾಕ್ಟರ್‌ನಲ್ಲಿ ಇದು ಬಹಳ ಸುಲಭ. ಬ್ಯಾಟರಿ ಕೂರುವುದು ಬಾನೆಟ್ ಒಳಗೆ ಮುಂದೆ, ರೇಡಿಯೇಟರ್‌ಗೆ ಅಂಟಿಕೊಂಡ ಹಾಗೆ. ಜಾಗ ಇಕ್ಕಟ್ಟು, ಕೇಬಲ್ ಗೇಣುದ್ದ. ಕೆಂಪು ಕೇಬಲ್ ಧೂಳು, ಗ್ರೀಸ್ ಹಿಡಿದು ಕಪ್ಪಾಗಿರುತ್ತದೆ. ಕೇಬಲ್ ಮುಟ್ಟುವ ಕಡೆ ಬ್ಯಾಟರಿಯ ಯಾವ ಕಂಬ (ಟರ್ಮಿನಲ್) ಇದೆಯೋ ಅದಕ್ಕೇ ಅದು ಹೋಗುತ್ತದೆ. ಹೊಸ ಬ್ಯಾಟರಿಯ ಉದ್ದ, ಅಗಲ, ಆಂಪಿಯರ್-ಅವರ್ ಎಲ್ಲವೂ ಹಳೆಯದರಷ್ಟೇ ಇದ್ದವು. ಬ್ಯಾಟರಿ ಕೂರುವ ತಟ್ಟೆಯಲ್ಲಿ ಅಚ್ಚು ಹೊಯ್ದ ಹಾಗೆ ಕೂತಿದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ.

ಆದರೆ ಬ್ಯಾಟರಿ ಎರಡು ಸಲ ಬೇಡ ಎಂದು ಹೇಳಿತ್ತು. ಇಂಥ ದುಂಡನೆ ಕಂಬದ ಬ್ಯಾಟರಿಗಳಲ್ಲಿ ಪ್ಲಸ್ ಕಂಬ ಮೈನಸ್‌ಗಿಂತ ದಪ್ಪ. ದಪ್ಪ ಕಂಬದ ಬ್ಯಾಟರಿಯಲ್ಲಿ ಮೇಲ್ತುದಿಯ ವ್ಯಾಸ ಪ್ಲಸ್‌ಗೆ 17.5 ಮಿ.ಮೀ., ಮೈನಸ್‌ಗೆ 15.9 ಮಿ.ಮೀ. ಸಣ್ಣ ಕಂಬದ್ದರಲ್ಲಿ 14.7 ಮತ್ತು 13. ಹೀಗಾಗಿ ಮೈನಸ್ ಕ್ಲಾಂಪ್ ಪ್ಲಸ್ ಕಂಬದ ಮೇಲೆ ಇಳಿಯಲಿಲ್ಲ. ಸ್ಕ್ರೂಡ್ರೈವರ್ ತೂರಿಸಿ ಅಗಲ ಮಾಡಿ, ಸುತ್ತಿಗೆಯಿಂದ ತಟ್ಟಿ ಇಳಿಸಲಾಯಿತು. ಇನ್ನೊಂದು ಕಡೆ ಪ್ಲಸ್ ಕ್ಲಾಂಪ್ ಎಷ್ಟು ಬಿಗಿದರೂ ತಿರುಗುತ್ತಲೇ ಇತ್ತು, ಅದಕ್ಕೆ ತಗಡಿನ ಚೂರು ತುರುಕಲಾಯಿತು. ಒಂದು ಕ್ಲಾಂಪ್ ಇಳಿಯುತ್ತಿಲ್ಲ, ಇನ್ನೊಂದು ಸಡಿಲ ಎಂದರೆ ಅಲ್ಲೇ ಕೈ ನಿಲ್ಲಿಸಬೇಕು. ಸುತ್ತಿಗೆ ಹಿಡಿಯುವ ಕೆಲಸ ಬ್ಯಾಟರಿಯಲ್ಲಿ ಇಲ್ಲವೇ ಇಲ್ಲ. ಏಟು ಬಿದ್ದರೆ ಕಂಬದ ಬುಡ ಸೀಳಿ ಆಸಿಡ್ ಜಿನುಗಲು ಶುರುವಾಗುತ್ತದೆ.

ಕೊನೇ ಕ್ಲಾಂಪ್ ತಾಗಿದಾಗ ಪಟ್ ಎಂದು ದೊಡ್ಡ ಕಿಡಿ ಬಂತು. ಹೊಸ ಬ್ಯಾಟರಿ, ಜೋರಾಗಿದೆ ಎಂದುಕೊಂಡು ಎರಡನೇ ಸಲ ಒತ್ತಿ ಹಿಡಿದದ್ದೇ ತಪ್ಪಾಯಿತು. ಕೀ ಆಫ್ ಇದ್ದಾಗ ಕೊನೇ ಕೇಬಲ್‌ಗೆ ಕಿಡಿ ಬರಬಾರದು. ಗಡಿಯಾರದಂಥದ್ದು ಇದ್ದರೆ ಕಂಡೂ ಕಾಣದಷ್ಟು ಚಿಟಿಕೆ ಕಿಡಿ ಬರಬಹುದು, ಅಷ್ಟೇ.

ಕೀ ಆಫ್ ಇದ್ದರೂ ಸುಟ್ಟಿದ್ದು ಹೇಗೆ? ಆಲ್ಟರ್ನೇಟರ್‌ನ ದಪ್ಪ ವೈರ್ ಕೀ ಮೂಲಕ ಹೋಗುವುದಿಲ್ಲ, ನೇರವಾಗಿ ಬ್ಯಾಟರಿ ಪ್ಲಸ್‌ಗೆ ಹೋಗುತ್ತದೆ. ಒಳಗಿನ ಡಯೋಡ್‌ಗಳು ಕರೆಂಟನ್ನು ಬ್ಯಾಟರಿ ಕಡೆಗೆ ಮಾತ್ರ ಬಿಡುವ ಒಮ್ಮುಖ ಬಾಗಿಲುಗಳಿದ್ದ ಹಾಗೆ. ಬ್ಯಾಟರಿ ತಿರುಗಿ ಬಿದ್ದರೆ ಬಾಗಿಲು ಹಾರುಹೊಡೆದು, ಬ್ಯಾಟರಿಯ ಎರಡು ಕಂಬಕ್ಕೆ ವೈರ್ ಇಟ್ಟಷ್ಟೇ ನೇರ ಶಾರ್ಟ್ ಆಗುತ್ತದೆ. ನಡುವೆ ಮೇನ್ ಫ್ಯೂಸ್ ಅಥವಾ ಫ್ಯೂಸಿಬಲ್ ಲಿಂಕ್ ಇದ್ದರೆ ಅದು ಕರಗಿ ಉಳಿದದ್ದನ್ನು ಕಾಪಾಡುವ ಸಾಧ್ಯತೆ ಇದೆ. ಈ ಟ್ರ್ಯಾಕ್ಟರ್‌ನಲ್ಲಿ ಹಿಂದೆ ಯಾವಾಗಲೋ ಆ ಫ್ಯೂಸ್ ಹೋದಾಗ ತಾಮ್ರದ ವೈರ್ ಸುತ್ತಿಡಲಾಗಿತ್ತು. ಅದು ಕರಗಲಿಲ್ಲ. ಬದಲಿಗೆ ವೈರಿಂಗ್ ಕಟ್ಟು ಬೆಂದು, ಒಂದರ ಪ್ಲಾಸ್ಟಿಕ್ ಇನ್ನೊಂದಕ್ಕೆ ಅಂಟಿ, ಮೀಟರ್ ಬೋರ್ಡಿನವರೆಗೆ ಶಾರ್ಟ್ ಹರಡಿತು. ಬ್ಯಾಟರಿ ಬದಲಿಸುವ ಮುನ್ನವೇ ಮೇನ್ ಫ್ಯೂಸ್ ಬಿಚ್ಚಿ ನೋಡಿ. ವೈರ್ ಸುತ್ತಿದ್ದರೆ ಮೊದಲು ಆ ಟ್ರ್ಯಾಕ್ಟರ್‌ಗೆ ಹೇಳಿದ ಆಂಪಿಯರ್‌ನ ಸರಿಯಾದ ಫ್ಯೂಸ್ ತಂದು ಹಾಕಿ, ಬ್ಯಾಟರಿ ಆಮೇಲೆ.

ಇನ್ನೂ ನೋವಿನ ವಿಷಯ ಇದು. ಬಿಚ್ಚಿ ಮೂಲೆಗಿಟ್ಟ ಹಳೇ ಬ್ಯಾಟರಿಯನ್ನು ಮೀಟರ್ ಹಿಡಿದು ನೋಡಿದರೆ 12.5 ವೋಲ್ಟ್ ಇತ್ತು. ಬ್ಯಾಟರಿ ಕೆಟ್ಟೇ ಇರಲಿಲ್ಲ. ಮೈನಸ್ ಕೇಬಲ್ ಚಾಸಿಸ್‌ಗೆ ಸೇರುವ ಬೋಲ್ಟ್ ಕೆಳಗೆ ತುಕ್ಕು ಹಿಡಿದು ಅರ್ತ್ ಸರಿಯಾಗಿ ಸಿಗುತ್ತಿರಲಿಲ್ಲ. ಸೆಲ್ಫ್ ಹೊಡೆದರೆ ಟಕ್ ಟಕ್ ಎನ್ನುತ್ತಿದ್ದದ್ದು ಅದಕ್ಕೇ.

ಹಾಗಾಗಿ ಹೊಸದನ್ನು ತರುವ ಮೊದಲು ಹಳೆಯದನ್ನು ಅಳೆಯಿರಿ. ಇಂಜಿನ್ ನಿಲ್ಲಿಸಿ ಕೆಲವು ಗಂಟೆ ಬಿಟ್ಟು, ಮಲ್ಟಿಮೀಟರನ್ನು 20 ವೋಲ್ಟ್ ಡಿಸಿಯಲ್ಲಿಟ್ಟು, ಕಡ್ಡಿಗಳನ್ನು ಕ್ಲಾಂಪ್‌ಗಲ್ಲ, ಸೀಸದ ಕಂಬಕ್ಕೇ ಒತ್ತಿ. 12.6 ಅಥವಾ ಮೇಲಿದ್ದರೆ ಪೂರ್ತಿ ಚಾರ್ಜ್. 12.4 ಎಂದರೆ ಸುಮಾರು ಮುಕ್ಕಾಲು, 12.2 ಎಂದರೆ ಅರ್ಧ, 12.0 ಎಂದರೆ ಕಾಲು ಭಾಗ. ಚಾರ್ಜ್ ಮಾಡಿದ ಮೇಲೂ 10.5ರ ಆಸುಪಾಸಿನಲ್ಲೇ ನಿಂತರೆ ಆರು ಸೆಲ್‌ಗಳಲ್ಲಿ ಒಂದು ಸತ್ತಿದೆ, ಅದಕ್ಕೆ ಮದ್ದಿಲ್ಲ. ಮುಚ್ಚಳ ತೆಗೆಯುವ ಬ್ಯಾಟರಿಯಾದರೆ ಆಸಿಡ್‌ನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಇನ್ನೂ ಚೆನ್ನಾಗಿ ಹೇಳುತ್ತದೆ: ಪೂರ್ತಿ ಚಾರ್ಜ್‌ನಲ್ಲಿ 1.265ರಿಂದ 1.280. ಐದು ಸೆಲ್ ಒಂದೇ ಸಮ ಇದ್ದು ಒಂದು ಮಾತ್ರ ಕೆಳಗಿದ್ದರೆ ಆ ಬ್ಯಾಟರಿಯ ಕಥೆ ಮುಗಿಯಿತು.

ನಂತರ ಒಬ್ಬರು ಸೆಲ್ಫ್ ಹೊಡೆಯಲಿ, ಇನ್ನೊಬ್ಬರು ಮೀಟರ್ ನೋಡಲಿ. ಕಂಬದ ಮೇಲೆ 9.6 ವೋಲ್ಟ್‌ಗಿಂತ ಕೆಳಗೆ ಬೀಳದೆಯೂ ಸೆಲ್ಫ್ ತಿರುಗದಿದ್ದರೆ ಬ್ಯಾಟರಿಯನ್ನು ಬೈಯಬೇಡಿ. ಮೀಟರಿನ ಒಂದು ಕಡ್ಡಿ ಮೈನಸ್ ಕಂಬಕ್ಕೆ, ಇನ್ನೊಂದು ಇಂಜಿನ್ ಬ್ಲಾಕಿನ ಪೇಂಟ್ ಇಲ್ಲದ ಜಾಗಕ್ಕೆ ಇಟ್ಟು ಮತ್ತೆ ಸೆಲ್ಫ್ ಹೊಡೆಯಿರಿ. 0.2 ವೋಲ್ಟ್ ಒಳಗಿದ್ದರೆ ಸರಿ. 0.5 ದಾಟಿದರೆ ಅರ್ತ್ ಕೇಬಲ್ ಅಥವಾ ಅದರ ಬೋಲ್ಟ್ ಕೆಟ್ಟಿದೆ. ಬಿಚ್ಚಿ, ಎಮರಿ ಪೇಪರ್‌ನಿಂದ ಲೋಹ ಹೊಳೆಯುವವರೆಗೆ ಉಜ್ಜಿ ಬಿಗಿದರೆ ಮುಗಿಯಿತು. ಟಕ್ ಎಂಬ ಸದ್ದೂ ಬಾರದಿದ್ದರೆ ಕ್ಲಚ್, ಪಿಟಿಒ (ಜೋಡಿಸಿದ ಯಂತ್ರ ತಿರುಗಿಸುವ ಶಾಫ್ಟ್), ಸೀಟ್ ಕೆಳಗಿನ ಸೇಫ್ಟಿ ಸ್ವಿಚ್‌ಗಳನ್ನು ನೋಡಿ.

ಬ್ಯಾಟರಿ ನಿಜಕ್ಕೂ ಹೋಗಿದೆ ಎಂದಾದರೆ, ಬಿಚ್ಚುವ ಮುನ್ನ ಮೊಬೈಲಿನಲ್ಲಿ ಮೇಲಿನಿಂದ ಒಂದು ಫೋಟೋ ತೆಗೆದು, ಕೆಂಪು ಕೇಬಲ್‌ಗೆ ಹೊಸ ಕೆಂಪು ಟೇಪ್ ಸುತ್ತಿ. ಬಣ್ಣವನ್ನೂ ಪೂರ್ತಿ ನಂಬಬೇಡಿ, ಯಾರೋ ಕೇಬಲ್ ಬದಲಿಸಿರಬಹುದು. ಸೆಲ್ಫ್ ಮೋಟರ್‌ಗೆ ಹೋಗುವ ದಪ್ಪ ಕೇಬಲ್ ಯಾವುದು, ಚಾಸಿಸ್‌ಗೆ ಬೋಲ್ಟ್ ಆಗಿರುವುದು ಯಾವುದು ಎಂದು ಬೆರಳಿಟ್ಟು ಹಿಂಬಾಲಿಸಿ. ಈಗಿನ ಮಿನಿ ಟ್ರ್ಯಾಕ್ಟರ್‌ಗಳಲ್ಲಿ ಚಾಸಿಸ್‌ಗೆ ಹೋಗುವುದೇ ಮೈನಸ್. ಬಹಳ ಹಳೇ ಟ್ರ್ಯಾಕ್ಟರ್‌ಗಳಲ್ಲಿ ಕೆಲವು ಪಾಸಿಟಿವ್ ಅರ್ತ್ ಇದ್ದವು, ಅಂಥದ್ದಾದರೆ ಈ ಲೆಕ್ಕ ತಲೆಕೆಳಗು.

ಕೊಳ್ಳುವಾಗ ಆಂಪಿಯರ್ ಒಂದನ್ನೇ ಹೇಳಬೇಡಿ, ಹಳೇ ಬ್ಯಾಟರಿಯ ಮೇಲಿರುವ ಪೂರ್ತಿ ಕೋಡ್ ಹೇಳಿ. ಜಪಾನಿ ಮಾದರಿಯ 55ಬಿ24ಎಲ್ ಎಂಬುದರಲ್ಲಿ 55 ಸಾಮರ್ಥ್ಯದ ಅಂಕ, ಬಿ ಅಗಲ-ಎತ್ತರದ ವರ್ಗ, 24 ಸುಮಾರು ಸೆಂಟಿಮೀಟರ್‌ನಲ್ಲಿ ಉದ್ದ. ಕೊನೆಯ ಎಲ್ ಅಕ್ಷರ ಕಂಬಗಳು ಯಾವ ಕಡೆ ಎಂಬುದನ್ನು ಹೇಳುತ್ತದೆ. ಅದೇ ಬ್ಯಾಟರಿ 55ಬಿ24ಆರ್ ಆದರೆ ಪ್ಲಸ್ ಎದುರು ಬದಿಗೆ ಹೋಗುತ್ತದೆ. ಮೇಲೆ ಹೇಳಿದ ಅನಾಹುತದ ಬುಡ ಈ ಒಂದಕ್ಷರ. ಆ ಅಕ್ಷರದ ನಂತರ ಎಸ್ ಸೇರಿದ್ದರೆ ದಪ್ಪ ಕಂಬ ಎಂದರ್ಥ. ಅಮೆರಿಕನ್ ಮಾದರಿಯಲ್ಲಿ 51 ಮತ್ತು 51ಆರ್ ಇರುವುದೂ ಹೀಗೇ, ಆರ್ ಇದ್ದರೆ ಉಲ್ಟಾ. ಕೋಡ್ ಅಳಿಸಿಹೋಗಿದ್ದರೆ ಹಳೇ ಬ್ಯಾಟರಿಯನ್ನೇ ಹೊತ್ತುಕೊಂಡು ಹೋಗಿ, ಹೊಸದರ ಪಕ್ಕ ಒಂದೇ ದಿಕ್ಕಿಗೆ ಇಟ್ಟು ನೋಡಿ. ತಿರುಗಿಸಿಟ್ಟರೆ ಆಯಿತಲ್ಲ ಅನ್ನುವವರಿದ್ದಾರೆ. ಕಂಬಗಳು ಆಗ ಇನ್ನೊಂದು ಅಂಚಿಗೆ ಹೋಗುತ್ತವೆ, ಗೇಣುದ್ದದ ಕೇಬಲ್ ಮುಟ್ಟುವುದಿಲ್ಲ.

ಎತ್ತರವನ್ನೂ ಮರೆಯಬಾರದು. ಬಾನೆಟ್ ಕಬ್ಬಿಣದ್ದಾಗಿದ್ದರೆ, ಹಳೆಯದಕ್ಕಿಂತ ಒಂದು ಬೆರಳು ಹೆಚ್ಚು ಎತ್ತರದ ಬ್ಯಾಟರಿ ಸಾಕು, ಗುಂಡಿಗೆ ಹಾರಿದಾಗ ಬಾನೆಟ್ ಪ್ಲಸ್ ಕಂಬಕ್ಕೆ ತಾಗಿ ಕಿಡಿ ಉಗುಳಲು. ಕೇಬಲ್ ಹಾಕುವ ಮುನ್ನ ಪ್ಲಸ್ ಕಂಬದ ಮೇಲೆ ಮೆತ್ತನೆ ಜೇಡಿಮಣ್ಣಿನ ಉಂಡೆ ಇಟ್ಟು ಬಾನೆಟ್ ಮೆಲ್ಲಗೆ ಮುಚ್ಚಿ ತೆರೆಯಿರಿ. ಉಂಡೆ 20 ಮಿ.ಮೀ.ಗಿಂತ ತೆಳ್ಳಗೆ ಚಪ್ಪಟೆಯಾಗಿದ್ದರೆ ಆ ಬ್ಯಾಟರಿ ಬೇಡ, ಏಕೆಂದರೆ ಇನ್ನೂ ಕ್ಲಾಂಪಿನ ಎತ್ತರ ಸೇರಬೇಕು. ಪ್ಲಸ್‌ಗೆ ರಬ್ಬರ್ ಟೋಪಿ ಇರಲೇಬೇಕು.

ಬಿಚ್ಚುವಾಗ ಮೊದಲು ಮೈನಸ್, ಆಮೇಲೆ ಪ್ಲಸ್. ಕೂಡಿಸುವಾಗ ಮೊದಲು ಪ್ಲಸ್, ಕೊನೆಗೆ ಮೈನಸ್. ಕಾರಣ ಸರಳ: ಮೈನಸ್ ಸಿಕ್ಕಿಸಿಕೊಂಡಿದ್ದಾಗ ಇಡೀ ಟ್ರ್ಯಾಕ್ಟರ್ ಮೈನಸ್. ಪ್ಲಸ್ ನಟ್ ತಿರುಗಿಸುವ ಸ್ಪ್ಯಾನರ್‌ನ ಬಾಲ ಗ್ರಿಲ್‌ಗೆ ತಾಗಿದರೆ ಸ್ಪ್ಯಾನರ್ ಕೆಂಪಗೆ ಕಾಯುತ್ತದೆ. ಚಾರ್ಜ್ ಆಗುತ್ತಿದ್ದ ಬ್ಯಾಟರಿಯ ಮೇಲೆ ಹೈಡ್ರೋಜನ್ ನಿಂತಿರುತ್ತದೆ, ಗಾಳಿಯಲ್ಲಿ ನೂರಕ್ಕೆ 4ರಷ್ಟು ಇದ್ದರೂ ಒಂದು ಕಿಡಿಗೆ ಸಿಡಿಯುತ್ತದೆ. ಉಂಗುರ, ವಾಚು ತೆಗೆದಿಡಿ, ಕನ್ನಡಕ ಹಾಕಿ. ಬಿಚ್ಚಿದ ಮೈನಸ್ ಕೇಬಲನ್ನು ಹಳೇ ಸೈಕಲ್ ಟ್ಯೂಬಿನ ತುಂಡಿನಲ್ಲಿ ತೂರಿಸಿ ಪಕ್ಕಕ್ಕೆ ಕಟ್ಟಿ, ಇಲ್ಲವಾದರೆ ತಾನಾಗಿ ವಾಪಸ್ ಬಗ್ಗಿ ಕಂಬಕ್ಕೆ ತಾಗುತ್ತದೆ.

ಎತ್ತುವಾಗ ವಾಲಿಸಬೇಡಿ. ಮುಚ್ಚಳದ ರಂಧ್ರದಿಂದ ಆಸಿಡ್ ರೇಡಿಯೇಟರ್‌ನ ಅಲ್ಯೂಮಿನಿಯಂ ರೆಕ್ಕೆಗಳ ಮೇಲೆ ಸುರಿದರೆ ಇನ್ನೊಂದು ಖರ್ಚು. ತಟ್ಟೆಯ ಮೇಲಿನ ಬಿಳಿ-ಹಸಿರು ಪುಡಿಯನ್ನು ಒಂದು ಲೀಟರ್ ನೀರಿಗೆ ಎರಡು ದೊಡ್ಡ ಚಮಚ ಅಡುಗೆ ಸೋಡಾ ಹಾಕಿ ನೊರೆ ನಿಲ್ಲುವವರೆಗೆ ತೊಳೆದು, ಬರೀ ನೀರು ಹೊಯ್ದು ಒಣಗಿಸಿ. ಬ್ಯಾಟರಿಯ ಮೇಲ್ಭಾಗ ತೊಳೆಯುವುದಿದ್ದರೆ ಸೋಡಾ ನೀರು ಸೆಲ್ ಒಳಗೆ ಒಂದು ಹನಿಯೂ ಇಳಿಯಬಾರದು, ಇಳಿದರೆ ಆಸಿಡ್ ಸಾಯುತ್ತದೆ.

ಹೊಸದನ್ನು ಕೂರಿಸುವ ಮುನ್ನ ಅದನ್ನೂ ಅಳೆಯಿರಿ. ಅಂಗಡಿಯಲ್ಲಿ ತಿಂಗಳುಗಟ್ಟಲೆ ನಿಂತದ್ದು 12.5ಕ್ಕಿಂತ ಕೆಳಗಿದ್ದರೆ ಚಾರ್ಜರ್‌ಗೆ ಹಾಕಿ. ಕರೆಂಟ್ ಸಾಮರ್ಥ್ಯದ ಹತ್ತನೇ ಒಂದು ಭಾಗ, ಅಂದರೆ 45 ಆಂಪಿಯರ್-ಅವರ್ ಬ್ಯಾಟರಿಗೆ 4.5 ಆಂಪಿಯರ್ ಸಾಕು. ಬ್ಯಾಟರಿಯನ್ನು ಹಿಡಿದಿಡುವ ಪಟ್ಟಿಯ ನಟ್‌ಗಳನ್ನು ಬ್ಯಾಟರಿ ಕೈಯಿಂದ ಅಲುಗಾಡದಷ್ಟು ಬಿಗಿಯಿರಿ, ಡಬ್ಬ ಉಬ್ಬುವಷ್ಟಲ್ಲ. ಸಡಿಲ ಬಿಟ್ಟರೆ ಡೀಸೆಲ್ ಇಂಜಿನ್ನಿನ ನಡುಕಕ್ಕೆ ಪ್ಲೇಟಿನ ಪುಡಿ ಉದುರಿ ತಳದಲ್ಲಿ ಸೇರಿ ಸೆಲ್ ಶಾರ್ಟ್ ಆಗುತ್ತದೆ.

ಈಗ ಮುಖ್ಯ ವಿಷಯ. ಪ್ಲಸ್ ಬಿಗಿದಾದ ಮೇಲೆ ಮೈನಸ್ ಕ್ಲಾಂಪನ್ನು ನೇರ ಇಡಬೇಡಿ. ಇಂಡಿಕೇಟರ್‌ಗೆ ಹಾಕುವ 12 ವೋಲ್ಟ್ 21 ವ್ಯಾಟ್ ಬಲ್ಬಿಗೆ ಎರಡು ವೈರ್ ಕಟ್ಟಿ, ಒಂದನ್ನು ಮೈನಸ್ ಕಂಬಕ್ಕೆ, ಇನ್ನೊಂದನ್ನು ಮೈನಸ್ ಕ್ಲಾಂಪ್‌ಗೆ ಹಿಡಿಯಿರಿ. ಕೀ ಆಫ್ ಇರಲಿ. ಬಲ್ಬು ಉರಿಯದಿದ್ದರೆ ಸರಿ. ಜೋರಾಗಿ ಉರಿದರೆ ಪ್ಲಸ್-ಮೈನಸ್ ಅದಲುಬದಲಾಗಿದೆ ಅಥವಾ ಎಲ್ಲೋ ಶಾರ್ಟ್ ಇದೆ. ಉಲ್ಟಾ ಇದ್ದರೂ ಹಾನಿಯಾಗುವುದಿಲ್ಲ, ಏಕೆಂದರೆ ಬಲ್ಬು ಎರಡು ಆಂಪಿಯರ್‌ಗಿಂತ ಹೆಚ್ಚು ಹರಿಯಲು ಬಿಡುವುದಿಲ್ಲ. ಮೇಲಿನ ಟ್ರ್ಯಾಕ್ಟರ್‌ಗೆ ಈ ಬಲ್ಬು ಹಿಡಿದಿದ್ದರೆ ಆಲ್ಟರ್ನೇಟರ್ ಇವತ್ತಿಗೂ ತಿರುಗುತ್ತಿತ್ತು.

ಸ್ಟಾರ್ಟ್ ಆದಮೇಲೆ ಅರ್ಧ ಥ್ರಾಟಲ್‌ನಲ್ಲಿ ಕಂಬದ ಮೇಲೆ 13.8ರಿಂದ 14.4 ವೋಲ್ಟ್ ಕಾಣಬೇಕು. 15 ದಾಟಿದರೆ ರೆಗ್ಯುಲೇಟರ್ ಕೆಟ್ಟಿದೆ, ಹೊಸ ಬ್ಯಾಟರಿಯೂ ಕುದಿಯುತ್ತದೆ. ಚಾರ್ಜಿಂಗ್ ನೋಡಲು ಓಡುವ ಇಂಜಿನ್‌ನಲ್ಲಿ ಕೇಬಲ್ ಕಿತ್ತು ನೋಡುವ ಹಳೇ ಚಾಳಿ ಬಿಡಿ, ಆ ಕ್ಷಣ ಏರುವ ವೋಲ್ಟೇಜ್ ಡಯೋಡ್ ತಿನ್ನುತ್ತದೆ.

ಈಗಾಗಲೇ ಉಲ್ಟಾ ಹಾಕಿಬಿಟ್ಟಿದ್ದೀರಾ? ಸರಿಯಾಗಿ ತಿರುಗಿಸಿ ಹಾಕಿ ಸೆಲ್ಫ್ ಹೊಡೆಯುವ ಆತುರ ಬೇಡ. ಎರಡೂ ಕೇಬಲ್ ಬಿಚ್ಚಿ, ಮೇನ್ ಫ್ಯೂಸ್ ನೋಡಿ. ಬ್ಯಾಟರಿಯಿಂದ ಆಲ್ಟರ್ನೇಟರ್‌ವರೆಗೆ ವೈರಿಂಗ್ ಕಟ್ಟನ್ನು ಬೆರಳಿನಿಂದ ಒತ್ತುತ್ತಾ ಹೋಗಿ, ಗಟ್ಟಿಯಾದ ಅಥವಾ ಅಂಟಂಟಾದ ಜಾಗ ಸಿಕ್ಕರೆ ಅಲ್ಲಿ ಟೇಪ್ ಬಿಚ್ಚಿ. ಆಲ್ಟರ್ನೇಟರ್‌ನ ದಪ್ಪ ವೈರ್ ಕಳಚಿ, ಮೀಟರನ್ನು ಡಯೋಡ್ ಗುರುತಿಗಿಟ್ಟು, ಕೆಂಪು ಕಡ್ಡಿ ಆಲ್ಟರ್ನೇಟರ್ ಬಾಡಿಗೆ, ಕಪ್ಪು ಕಡ್ಡಿ ಆ ಬೋಲ್ಟ್‌ಗೆ ಹಿಡಿದರೆ ಸುಮಾರು 0.8ರಿಂದ 1 ವೋಲ್ಟ್ ತೋರಿಸಬೇಕು. ಕಡ್ಡಿ ಅದಲುಬದಲು ಮಾಡಿದರೆ ಏನೂ ತೋರಿಸಬಾರದು. ಎರಡೂ ಕಡೆ ಸೊನ್ನೆಯ ಹತ್ತಿರ ಬಂದರೆ ಡಯೋಡ್ ಪ್ಲೇಟ್ ಹೋಗಿದೆ. ಅದೃಷ್ಟವಿದ್ದರೆ ಫ್ಯೂಸ್ ಮಾತ್ರ ಹೋಗಿರುತ್ತದೆ. ದಪ್ಪ ವೈರ್ ವಾಪಸ್ ಬಿಗಿದು, ಹೊಸ ಫ್ಯೂಸ್ ಹಾಕಿದ ಮೇಲೆಯೇ ಬಲ್ಬಿನ ಪರೀಕ್ಷೆ ಮಾಡಿ, ಏಕೆಂದರೆ ಫ್ಯೂಸ್ ಕರಗಿದ್ದಾಗ ಉಲ್ಟಾ ಇದ್ದರೂ ಬಲ್ಬು ಉರಿಯುವುದಿಲ್ಲ.