ಮಿಂಟೋ ಕಣ್ಣಾಸ್ಪತ್ರೆ: ಅಮ್ಮನ ಪೊರೆ, ಮಾವನ ಪ್ರೆಶರ್, ಮತ್ತು ಡಾಕ್ಟರ್ ಕೇಳಿದ ಮೂರು ಪ್ರಶ್ನೆ

ಕಣ್ಣಿಗೆ ಯಾವ ಆಸ್ಪತ್ರೆಗೆ ಹೋಗೋದು ಅಂತ ಯಾರಾದರೂ ಕೇಳಿದರೆ ನಾನು ಈಗ ಮೊದಲು ಹೇಳುವ ಹೆಸರು ಮಿಂಟೋ. ದೀಪಾವಳಿ ಬಂದಾಗ ಪಟಾಕಿಯಿಂದ ಕಣ್ಣಿಗೆ ಪೆಟ್ಟಾದವರ ಸುದ್ದಿ ಪ್ರತಿ ವರ್ಷ ಟಿವಿಯಲ್ಲಿ ಬರುತ್ತದಲ್ಲ, ಅದೇ ಆಸ್ಪತ್ರೆ. ಕೆ.ಆರ್. ಮಾರ್ಕೆಟ್ ಹತ್ತಿರ, ಚಾಮರಾಜಪೇಟೆಗೆ ಹೋಗುವ ಕಡೆ ಇದೆ. 1896ರಲ್ಲಿ ಸಣ್ಣ ದವಾಖಾನೆಯಾಗಿ ಶುರುವಾಗಿದ್ದು, 1913ರಿಂದ ಈಗಿನ ಕಟ್ಟಡದಲ್ಲಿ ನಡೆಯುತ್ತಿದೆ. ಸರ್ಕಾರದ್ದು, ಬೆಂಗಳೂರು ಮೆಡಿಕಲ್ ಕಾಲೇಜಿಗೆ ಸೇರಿದ್ದು.

ನಾನು ಹನುಮಂತನಗರದಲ್ಲಿ ಬ್ಲೌಸ್ ಹೊಲಿಯುತ್ತೇನೆ. ಅಮ್ಮ ಹೆಮ್ಮಿಂಗ್ ಮಾಡಿ, ಹುಕ್ಸ್ ಹಾಕಿ ಕೊಡುತ್ತಾರೆ. ಇಬ್ಬರದೂ ಕಣ್ಣು ನಂಬಿದ ಕೆಲಸ. ಅಮ್ಮನಿಗೂ ಸೋದರಮಾವನಿಗೂ ಇಲ್ಲಿ ಚಿಕಿತ್ಸೆ ಆಗಿದೆ, ಇನ್ನೂ ನಡೀತಾ ಇದೆ. ಅದನ್ನೇ ಬರೆಯುತ್ತಿದ್ದೇನೆ.

ಅಮ್ಮನದು ಶುರುವಾಗಿದ್ದು ದಾರದಿಂದ. ಬಿಳಿ ಬ್ಲೌಸಿಗೆ ಕ್ರೀಮ್ ದಾರ ಹಾಕಿಬಿಟ್ಟಿದ್ದರು. ಅವರಿಗೆ ಎರಡೂ ಒಂದೇ ಬಣ್ಣವಾಗಿ ಕಂಡಿತ್ತು. ಆಮೇಲೆ ನೇವಿ ಬ್ಲೂ, ಕಪ್ಪು ಅದಲುಬದಲಾಯಿತು. ರಾತ್ರಿ ಎದುರು ಬರುವ ಗಾಡಿ ಲೈಟು ಒಡೆದು ಹರಡಿದ ಹಾಗೆ ಕಾಣುತ್ತೆ ಅನ್ನುತ್ತಿದ್ದರು. ಮನೆ ಹತ್ತಿರದ ಕನ್ನಡಕದ ಅಂಗಡಿಯಲ್ಲಿ ಕಂಪ್ಯೂಟರ್ ಚೆಕಪ್ ಮಾಡಿ ನಂಬರ್ ಬದಲಾಯಿಸಿಕೊಟ್ಟರು. ಕೆಲವೇ ತಿಂಗಳಿಗೆ ಮತ್ತೆ ಮಂಜು. ಮತ್ತೆ ನಂಬರ್ ಬದಲಾಯಿತು, ಮತ್ತೆ ದುಡ್ಡು ಹೋಯಿತು. 'ವಯಸ್ಸಾಯ್ತಲ್ಲಮ್ಮ, ಇಷ್ಟೇ ಇನ್ನು' ಅಂದರು ಅಂಗಡಿಯವರು. ಅಮ್ಮನಿಗೆ ಹತ್ತು ವರ್ಷಕ್ಕಿಂತ ಜಾಸ್ತಿ ಕಾಲದಿಂದ ಸಕ್ಕರೆ ಕಾಯಿಲೆ ಇದೆ. ಆ ಅಂಗಡಿಯಲ್ಲಿ ಅದನ್ನು ಯಾರೂ ಕೇಳಲೇ ಇಲ್ಲ. ನನಗೆ ಈಗಲೂ ಸಿಟ್ಟು ಬರುವುದು ಇದಕ್ಕೇ. ಆ ಮೆಷಿನ್ ಹೇಳುವುದು ಕನ್ನಡಕದ ನಂಬರ್ ಮಾತ್ರ. ಕಣ್ಣಿನ ಒಳಗೆ ಏನಾಗಿದೆ ಅಂತ ಅದು ಹೇಳಲ್ಲ. ಪದೇ ಪದೇ ನಂಬರ್ ಬದಲಾಗುತ್ತಿದ್ದರೆ ಅದೇ ಒಂದು ಸೂಚನೆ. ಪೊರೆ ಬೆಳೆಯುವಾಗಲೂ, ಸಕ್ಕರೆ ಏರಿಳಿಯುವಾಗಲೂ ಹಾಗಾಗುತ್ತದೆ.

ಮಿಂಟೋದಲ್ಲಿ ಓಪಿ ಚೀಟಿ ಮಾಡಿಸಿ ಒಳಗೆ ಹೋದೆವು. ಮೊದಲು ಒಂದೊಂದೇ ಕಣ್ಣು ಮುಚ್ಚಿಸಿ ಚಾರ್ಟ್ ಓದಿಸಿದರು. ಆಗ ಗೊತ್ತಾಯಿತು, ಅಮ್ಮನ ಎಡಗಣ್ಣು ಬಲಗಣ್ಣಿಗಿಂತ ತುಂಬಾ ಹಿಂದಿದೆ ಅಂತ. ಎರಡೂ ತೆರೆದಿದ್ದಾಗ ಚೆನ್ನಾಗಿರುವ ಕಣ್ಣೇ ಕೆಲಸ ಮಾಡಿಕೊಂಡು ಹೋಗುತ್ತದೆ, ಕೆಟ್ಟ ಕಣ್ಣಿನ ತೊಂದರೆ ಗೊತ್ತೇ ಆಗಲ್ಲ. ಇದನ್ನು ಮನೆಯಲ್ಲೇ ನೋಡಿಕೊಳ್ಳಬಹುದು. ಅಂಗೈಯಿಂದ ಒಂದು ಕಣ್ಣು ಮುಚ್ಚಿ, ಗೋಡೆಯ ಕ್ಯಾಲೆಂಡರ್ ಓದಿ. ಆಮೇಲೆ ಇನ್ನೊಂದು ಕಣ್ಣು. ಕ್ಯಾಲೆಂಡರಿನ ನೇರ ಗೆರೆ ಯಾವುದಾದರೂ ಕಣ್ಣಿಗೆ ಸೊಟ್ಟಗೆ ಕಂಡರೂ, ಮಧ್ಯದಲ್ಲಿ ಮಸಿ ಬಳಿದ ಹಾಗೆ ಕಂಡರೂ ಅದು ಕನ್ನಡಕದ ಅಂಗಡಿಯ ಕೆಲಸವಲ್ಲ. ಒಂದೆರಡು ದಿನದಲ್ಲೇ ಕಣ್ಣಿನ ಡಾಕ್ಟರ್ ನೋಡಬೇಕು.

ಆಮೇಲೆ ಡ್ಯೂಟಿ ಡಾಕ್ಟರ್. ಚಿಕ್ಕ ವಯಸ್ಸಿನ ಹುಡುಗಿ, ಪಿಜಿ ಓದುತ್ತಿರಬೇಕು. ಆಕೆ ಕೇಳಿದ ಮೂರು ಪ್ರಶ್ನೆ ನನಗೆ ಬಾಯಿಪಾಠ ಆಗಿಬಿಟ್ಟಿದೆ. 'ಅಮ್ಮ, ಇದು ಒಮ್ಮೆಲೇ ಆಯ್ತಾ, ನಿಧಾನಕ್ಕೆ ಆಯ್ತಾ? ಒಂದು ಕಣ್ಣಾ, ಎರಡೂನಾ? ನೋವಿದೆಯಾ?' ಅಮ್ಮ ತಕ್ಷಣ, 'ನೋವೇನೂ ಇಲ್ಲ ಡಾಕ್ಟ್ರೇ' ಅಂದರು, ಸಮಾಧಾನದಿಂದ. ಆಕೆ ಪೆನ್ನು ಕೆಳಗಿಟ್ಟು ಹೇಳಿದರು: 'ನೋವಿಲ್ಲ ಅಂತ ನಂಬ್ಕೊಂಡು ಕೂತ್ಕೋಬೇಡಿ ಅಮ್ಮ. ಕಣ್ಣು ತೆಗೆಯೋ ಕಾಯಿಲೆಗಳಲ್ಲಿ ಜಾಸ್ತಿ ನೋವಿಲ್ಲದವೇ.'

ಈ ಮಾತಿಗಾಗಿಯೇ ನಾನು ಇಷ್ಟೆಲ್ಲ ಬರೆಯುತ್ತಿರುವುದು. ಹಲ್ಲು ನೋವಾದರೆ ರಾತ್ರಿಯೇ ಓಡುತ್ತೇವೆ. ಕಣ್ಣು ಮಂಜಾದರೆ ಹಬ್ಬ ಮುಗಿಯಲಿ, ಮದುವೆ ಮುಗಿಯಲಿ ಅನ್ನುತ್ತೇವೆ. ನೋವಿಲ್ಲವಲ್ಲ ಅನ್ನುವ ಒಂದೇ ಕಾರಣಕ್ಕೆ. ಪೊರೆಗೆ ನೋವಿಲ್ಲ. ಸಕ್ಕರೆಯಿಂದ ರೆಟಿನಾ, ಅಂದರೆ ಕಣ್ಣಿನ ಹಿಂದಿನ ಪರದೆ, ಕೆಡುವುದಕ್ಕೂ ನೋವಿಲ್ಲ. ಕಣ್ಣಿನ ನರ ಸವೆಯುವ ಗ್ಲಾಕೋಮಾದಲ್ಲಿ ಹೆಚ್ಚಿನವರಿಗೆ ನೋವಿರಲ್ಲ. ರೆಟಿನಾ ಕಳಚಿಕೊಂಡರೂ ನೋವಾಗಲ್ಲ.

ಪಾಪೆ ಅಗಲವಾಗಲು ಡ್ರಾಪ್ಸ್ ಹಾಕಿ ಕೂರಿಸಿದರು. ಮಿಂಟೋಗೆ ನಾನು ಜಾಸ್ತಿ ಅಂಕ ಕೊಡುವುದು ಇಲ್ಲೇ. ಡ್ರಾಪ್ಸ್ ಕೆಲಸ ಮಾಡಲು ಅರ್ಧ ಗಂಟೆಯಾದರೂ ಬೇಕು, ಕೆಲವರಿಗೆ ಎರಡನೇ ಸಲ ಹಾಕಬೇಕು. ಎದುರಿಗೆ ಅಷ್ಟು ಜನ ಕಾಯುತ್ತಿದ್ದರೂ ಆ ಹೆಜ್ಜೆ ಬಿಡಲಿಲ್ಲ. ಅಗಲವಾದ ಪಾಪೆಯ ಮೂಲಕ ಹಿಂದಿನ ಪರದೆಯವರೆಗೂ ನೋಡಿದರು. ಎರಡೂ ಕಣ್ಣಲ್ಲಿ ಪೊರೆ ಇತ್ತು. ಜೊತೆಗೆ ಎಡಗಣ್ಣಿನ ರೆಟಿನಾದಲ್ಲಿ ಸಣ್ಣ ರಕ್ತನಾಳಗಳು ಸೋರಿ, ನೋಟದ ನಡುಭಾಗ ಊದಿಕೊಂಡಿತ್ತು. ರೆಟಿನಾದ ಪದರಗಳನ್ನು ತೋರಿಸುವ ಓಸಿಟಿ ಸ್ಕ್ಯಾನ್ ಮಾಡಿ, ಆ ಊತವನ್ನು ಕಂಪ್ಯೂಟರ್ ಪರದೆಯ ಮೇಲೆ ನನಗೂ ತೋರಿಸಿದರು.

ಪೊರೆ ಆಪರೇಷನ್ ಅಂದರೆ ಮಬ್ಬಾದ ಕಿಟಕಿ ಗಾಜು ತೆಗೆದು ಹೊಸದು ಹಾಕಿದ ಹಾಗೆ. ಕೋಣೆಯೊಳಗೇ ಹಾಳಾಗಿದ್ದರೆ ಗಾಜು ಬದಲಾಯಿಸಿದರೆ ಸಾಲದು, ಅಲ್ವಾ? ಅದಕ್ಕೇ ಎಡಗಣ್ಣಿಗೆ ಮೊದಲು ಊತ ಇಳಿಸುವ ಇಂಜೆಕ್ಷನ್, ಆಮೇಲೆ ಪೊರೆ ಅಂದರು. ಕಣ್ಣಿಗೇ ಇಂಜೆಕ್ಷನ್ ಅಂದಾಗ ಅಮ್ಮ ನನ್ನ ಕೈ ಬಿಡಲಿಲ್ಲ. ಮರಗಟ್ಟುವ ಡ್ರಾಪ್ಸ್ ಹಾಕಿ ಕೊಡುತ್ತಾರೆ. ಮುಗಿದ ಮೇಲೆ, 'ಒತ್ತಿದ ಹಾಗಾಯ್ತು ಅಷ್ಟೇ' ಅಂದರು. ಅದು ಒಂದೇ ಸಲಕ್ಕೆ ಮುಗಿಯುವ ಚಿಕಿತ್ಸೆಯಲ್ಲ, ಮತ್ತೆ ಮತ್ತೆ ಬೇಕಾಗಬಹುದು ಅನ್ನುವುದನ್ನು ಮೊದಲೇ ಬಿಡಿಸಿ ಹೇಳಿದ್ದರು. ಅದು ನನಗೆ ಹಿಡಿಸಿತು.

ಪೊರೆ ಮಾಗಲಿ, ಆಮೇಲೆ ಮಾಡಿಸೋಣ ಅನ್ನುವ ಮಾತು ನಮ್ಮ ಮನೆಗಳಲ್ಲಿ ಇನ್ನೂ ಇದೆ. ಅದು ಹಳೇ ಕಾಲದ ಆಪರೇಷನ್ನಿಗೆ ಹೊಂದುವ ಮಾತು. ಈಗ ಸಣ್ಣ ಗಾಯ ಮಾಡಿ, ಪೊರೆ ತೆಗೆದು, ಒಳಗೆ ಲೆನ್ಸ್ ಇಡುತ್ತಾರೆ. ದಿನದ ಕೆಲಸಕ್ಕೆ ಅಡ್ಡಿಯಾದಾಗಲೇ ಮಾಡಿಸಬಹುದು. ಪೂರ್ತಿ ಬಲಿತರೆ ಪೊರೆ ಗಟ್ಟಿಯಾಗಿ ಆಪರೇಷನ್ ಕಷ್ಟವಾಗುತ್ತದೆ, ಕೆಲವರಿಗೆ ಕಣ್ಣಿನ ಪ್ರೆಶರ್ ಏರಿ ನೋವೂ ಬರುತ್ತದೆ. ಪೊರೆ ಕರಗಿಸುವ ಡ್ರಾಪ್ಸ್ ಅಂತ ಯಾರಾದರೂ ಮಾರಿದರೆ ತಗೋಬೇಡಿ. ಅಂಥದ್ದು ಇಲ್ಲ. ಬಲಗಣ್ಣಿನ ಆಪರೇಷನ್ ಆದ ಮೇಲೆ ಅಮ್ಮ ದಾರದ ಡಬ್ಬಿ ಮುಂದಿಟ್ಟುಕೊಂಡು ಬಿಳಿ, ಕ್ರೀಮ್, ಹಾಫ್‌ವೈಟ್ ಬೇರೆ ಬೇರೆ ಮಾಡಿದರು. ಎಡಗಣ್ಣು ಅಷ್ಟು ಸುಧಾರಿಸಿಲ್ಲ. ಸಕ್ಕರೆ ಇರುವವರು ಕಾಣಲಿ ಬಿಡಲಿ, ವರ್ಷಕ್ಕೊಮ್ಮೆ ಡ್ರಾಪ್ಸ್ ಹಾಕಿಸಿ ರೆಟಿನಾ ತೋರಿಸಬೇಕು. ಕಾಯಿಲೆ ಇದೆ ಅಂತ ಗೊತ್ತಾದ ವರ್ಷದಿಂದಲೇ. ಹಾಗೆ ತೋರಿಸಿದ್ದರೆ ಈ ಊತ ಬೇಗ ಸಿಗುತ್ತಿತ್ತು ಅಂತ ಡಾಕ್ಟರ್ ಹೇಳಿದರು.

ಇನ್ನು ಮಾವ. ಮದ್ದೂರಿನಿಂದ ಅಮ್ಮನ ಜೊತೆಗೆ ಅಂತ ಬಂದವರು. ಅವರ ಕಣ್ಣು ಚೆನ್ನಾಗಿದೆ ಅಂತಲೇ ಎಲ್ಲರ ನಂಬಿಕೆ. ಕನ್ನಡಕವಿಲ್ಲದೆ ಪೇಪರ್ ತಲೆಬರಹ ಓದುತ್ತಾರೆ. ಆದರೆ ಆಸ್ಪತ್ರೆಯ ಓಡಾಟದಲ್ಲಿ ಪಕ್ಕದಲ್ಲಿದ್ದ ಸ್ಟ್ರೆಚರಿಗೂ ಬಾಗಿಲ ಚೌಕಟ್ಟಿಗೂ ಭುಜ ತಾಗಿಸಿಕೊಂಡರು. ಊರಲ್ಲಿ ಬೈಕಿಗೆ ಅಡ್ಡ ಬಂದ ಹಸು ಕಾಣಿಸಲಿಲ್ಲ ಅಂತ ಅತ್ತೆ ಹೇಳಿದ್ದೂ ನೆನಪಾಯಿತು. 'ಮಾವ, ನೀವೂ ಒಂದು ಚೀಟಿ ಮಾಡಿಸಿ' ಅಂದೆ. 'ನಂಗೇನಾಗಿದೆ ಬಿಡವ್ವ' ಅಂದರು. ಅಮ್ಮ ಬಿಡಲಿಲ್ಲ. 'ಸುಮ್ನೆ ಬಾರೋ, ಬಂದಿದ್ದೀಯಲ್ಲ' ಅಂತ ಎಳೆದುಕೊಂಡು ಹೋದರು.

ಚಾರ್ಟಿನ ಕೊನೇ ಸಾಲಿನವರೆಗೂ ಮಾವ ಓದಿದರು. ಆದರೂ ಕಣ್ಣಿನ ಪ್ರೆಶರ್ ನೋಡಿದರು. ಸಾಮಾನ್ಯವಾಗಿ 10ರಿಂದ 21ರೊಳಗೆ ಇರಬೇಕಂತೆ. ಮಾವನದು 30 ದಾಟಿತ್ತು. ಕಣ್ಣಿನಿಂದ ಮೆದುಳಿಗೆ ಹೋಗುವ ನರ ಆಗಲೇ ಸವೆದಿತ್ತು. ಆಮೇಲೆ ಫೀಲ್ಡ್ ಟೆಸ್ಟ್: ಒಂದು ಬಟ್ಟಲಿನಂಥ ಯಂತ್ರದೊಳಗೆ ನೇರ ನೋಡುತ್ತಾ, ಎಲ್ಲಿ ಬೆಳಕಿನ ಚುಕ್ಕಿ ಕಂಡರೂ ಗುಂಡಿ ಒತ್ತಬೇಕು. ಬಂದ ಕಾಗದದಲ್ಲಿ ಅಂಚುಗಳೆಲ್ಲ ಕಪ್ಪು. ನಡುವಿನ ನೋಟ ಉಳಿದಿತ್ತು, ಅದಕ್ಕೇ ಚಾರ್ಟ್ ಓದುತ್ತಿದ್ದರು. ಇದು ಗ್ಲಾಕೋಮಾ. ಹೋದದ್ದು ವಾಪಸ್ ಬರಲ್ಲ. ಉಳಿದದ್ದನ್ನು ಕಾಪಾಡಲು ದಿನಾ ತಪ್ಪದೆ ಡ್ರಾಪ್ಸ್, ಜೀವನಪೂರ್ತಿ. ಪ್ರೆಶರ್ ಸರಿಯಿದ್ದವರಿಗೂ ಬರಬಹುದು, ಹಾಗಾಗಿ ನರವನ್ನೂ ನೋಡಲೇಬೇಕು. ಒಬ್ಬರಿಗೆ ಬಂದರೆ ಅಣ್ಣತಮ್ಮ, ಅಕ್ಕತಂಗಿ, ಮಕ್ಕಳೆಲ್ಲ ತೋರಿಸಿಕೊಳ್ಳಬೇಕು. ಅಮ್ಮನ ನರ ಸರಿಯಾಗಿದೆ. ಮಾವನ ಮಗನನ್ನು ಇನ್ನೂ ಕರೆತರಬೇಕು, ಬಿಡುವಿಲ್ಲ ಅನ್ನುತ್ತಿದ್ದಾನೆ. ನಾನು ಬಿಡುವುದಿಲ್ಲ.

ಕಾಯುವ ಬೆಂಚಿನಲ್ಲಿ ಕೂತರೆ ಅರ್ಧ ಕರ್ನಾಟಕ ಪರಿಚಯವಾಗುತ್ತದೆ. ಭತ್ತ ಬಡಿಯುವಾಗ ಹೊಟ್ಟು ಹಾರಿ ಕಣ್ಣಿಗೆ ಬಿದ್ದ ಒಬ್ಬರು ಮಳವಳ್ಳಿ ಕಡೆಯಿಂದ ಬಂದಿದ್ದರು. ಊರಿನ ಮೆಡಿಕಲ್ ಶಾಪಿನಲ್ಲಿ ಕೆಂಪು ಇಳಿಯಲು ಅಂತ ಕೊಟ್ಟ ಡ್ರಾಪ್ಸ್ ಹಾಕಿಕೊಂಡಿದ್ದರು. ಅದರಲ್ಲಿ ಸ್ಟಿರಾಯ್ಡ್ ಇತ್ತು. ಕಣ್ಣಿನ ಕಪ್ಪು ಭಾಗದ ಮೇಲೆ ಬಿಳಿ ಹುಣ್ಣು ಎದ್ದಿತ್ತು. ಎಲೆ, ಹುಲ್ಲು, ಹೊಟ್ಟಿನಿಂದ ಆದ ಗಾಯಕ್ಕೆ ಫಂಗಸ್ ಸೇರಿಕೊಳ್ಳುತ್ತದೆ. ಅದರ ಮೇಲೆ ಸ್ಟಿರಾಯ್ಡ್ ಬಿದ್ದರೆ ಇನ್ನೂ ಜೋರಾಗಿ ಬೆಳೆಯುತ್ತದೆ. ದಯವಿಟ್ಟು ಹರಳೆಣ್ಣೆ, ಎದೆಹಾಲು, ಸೊಪ್ಪಿನ ರಸ ಯಾವುದನ್ನೂ ಹಿಂಡಬೇಡಿ. ಕಸ ಬಿದ್ದು ಮಾರನೇ ದಿನವೂ ಕೆಂಪು, ನೋವು, ನೀರು ಇದ್ದರೆ ನೇರ ಕಣ್ಣಿನ ಡಾಕ್ಟರ್ ಹತ್ತಿರ ಹೋಗಿ.

ಇನ್ನೊಂದು ನನ್ನ ಮನಸ್ಸಿನಲ್ಲಿ ಉಳಿದಿದ್ದು ಸುಣ್ಣ. ಎಲೆಅಡಿಕೆ ಸುಣ್ಣದ ಪ್ಯಾಕೆಟ್ ಹಿಸುಕಿ ಆಡುವಾಗ ಮಕ್ಕಳ ಕಣ್ಣಿಗೇ ಚಿಮ್ಮುತ್ತದೆ. ಅದು ಕಣ್ಣನ್ನು ಸುಡುತ್ತಾ ಒಳಗೆ ಇಳಿಯುತ್ತದೆ. ಆಸ್ಪತ್ರೆಗೆ ಓಡುವುದಕ್ಕಿಂತ ಮೊದಲು ನಲ್ಲಿ ಕೆಳಗೆ ಮಗುವಿನ ಕಣ್ಣು ತೆರೆಸಿ ಅರ್ಧ ಗಂಟೆ ನೀರು ಬಿಡಿ. ಮಗು ಅತ್ತರೂ ಬಿಡಬೇಡಿ. ಆಮೇಲೆ ಆಟೋ ಹತ್ತಿ. ಆಸಿಡ್, ಫಿನಾಯಿಲ್ ಬಿದ್ದರೂ ಇದೇ ದಾರಿ. ಅಜ್ಜಿಯರ ಎಲೆಅಡಿಕೆ ಚೀಲ ಮಕ್ಕಳ ಕೈಗೆ ಸಿಗದ ಹಾಗೆ ಇಡಿ.

ಆ ಮೂರು ಪ್ರಶ್ನೆಗೆ ವಾಪಸ್ ಬರುತ್ತೇನೆ. ಒಮ್ಮೆಲೇ ಒಂದು ಕಣ್ಣು ಕತ್ತಲಾದರೆ, ನೋವೇ ಇಲ್ಲದಿದ್ದರೂ, ಆ ಗಳಿಗೆಯೇ ಹೊರಡಬೇಕು. ಕಣ್ಣಿನ ರಕ್ತನಾಳ ಕಟ್ಟಿರಬಹುದು, ಅದು ಕಣ್ಣಿಗೆ ಬಂದ ಸ್ಟ್ರೋಕ್. ಕೆಲವು ಗಂಟೆಗಳಷ್ಟೇ ಸಮಯ ಇರುವುದು. ಐದು ನಿಮಿಷ ಕತ್ತಲಾಗಿ ತಾನೇ ಸರಿಹೋದರೂ ಸುಮ್ಮನಿರಬೇಡಿ, ಮೆದುಳಿನ ಸ್ಟ್ರೋಕ್‌ಗೆ ಅದು ಮುನ್ಸೂಚನೆ ಇರಬಹುದು. ಮಾತು ತೊದಲುವುದು, ಕೈಕಾಲು ಬಲ ಹೋಗುವುದು ಜೊತೆಗಿದ್ದರೆ ಕಣ್ಣಾಸ್ಪತ್ರೆ ಬೇಡ, 108ಕ್ಕೆ ಫೋನ್ ಮಾಡಿ. ಮಿಂಚು ಹೊಡೆದ ಹಾಗೆ ಬೆಳಕು, ಕಣ್ಣ ಮುಂದೆ ಹೊಸದಾಗಿ ಕಪ್ಪು ಚುಕ್ಕಿಗಳ ಗುಂಪು, ಪಕ್ಕದಿಂದ ಪರದೆ ಎಳೆದ ಹಾಗೆ ನೆರಳು, ಇವು ರೆಟಿನಾ ಕಳಚುತ್ತಿರುವ ಗುರುತಿರಬಹುದು. ಮೈನಸ್ ನಂಬರ್ ಜಾಸ್ತಿ ಇರುವವರು ಇದನ್ನು ವಿಶೇಷವಾಗಿ ನೆನಪಿಡಿ. ಅದೇ ದಿನ ತೋರಿಸಿದರೆ ಉಳಿಸಿಕೊಳ್ಳುವ ಅವಕಾಶ ಜಾಸ್ತಿ. ಕಣ್ಣು ಕೆಂಪಾಗಿ, ತಲೆ ಸಿಡಿದು, ವಾಂತಿಯಾಗಿ, ದೀಪದ ಸುತ್ತ ಕಾಮನಬಿಲ್ಲಿನ ಉಂಗುರ ಕಂಡರೆ ಅದು ಪಿತ್ತ, ಮೈಗ್ರೇನ್ ಅಂತ ಮಲಗಬೇಡಿ. ಗ್ಲಾಕೋಮಾದಲ್ಲೇ ಇನ್ನೊಂದು ಬಗೆ ಇದು, ಪ್ರೆಶರ್ ಥಟ್ಟನೆ ಏರಿರುತ್ತದೆ. ರಾತ್ರಿಯಾದರೂ ಹೋಗಲೇಬೇಕು.

ಮಕ್ಕಳದ್ದೂ ಹೇಳಿಬಿಡುತ್ತೇನೆ. ಮೆಳ್ಳೆಗಣ್ಣು ಅದೃಷ್ಟ ಅಂತ ಬಿಡುವವರಿದ್ದಾರೆ. ಬಳಸದ ಕಣ್ಣಿನಿಂದ ನೋಡುವುದನ್ನು ಮೆದುಳು ಕಲಿಯುವುದೇ ಇಲ್ಲ. ಏಳೆಂಟು ವರ್ಷದೊಳಗೆ ಚಿಕಿತ್ಸೆ ಶುರುವಾದರೆ ಫಲ ಜಾಸ್ತಿ. ಪಾಪುವಿನ ಕಣ್ಣಿನ ಪಾಪೆ ಬೆಳ್ಳಗೆ ಹೊಳೆದರೆ ಒಂದು ವಾರವೂ ಕಾಯಬೇಡಿ. ಒಳಗೆ ಗಡ್ಡೆ ಇರುವ ಸಾಧ್ಯತೆ ಇದೆ.

ಮಿಂಟೋಗೆ ಹೋಗುವವರಿಗೆ ನನ್ನ ಅನುಭವದ ಮಾತು: ಬೆಳಿಗ್ಗೆ ಬೇಗ ಹೋಗಿ, ಇಡೀ ದಿನ ಇಟ್ಟುಕೊಂಡು ಹೋಗಿ. ಇಷ್ಟು ದೊಡ್ಡ ಸರ್ಕಾರಿ ಆಸ್ಪತ್ರೆಗೆ ಎಲ್ಲ ಜಿಲ್ಲೆಯಿಂದಲೂ ಜನ ಬರುತ್ತಾರೆ. ಆಧಾರ್, ಬಿಪಿಎಲ್ ಕಾರ್ಡ್, ಈಗ ತಗೊಳ್ಳುತ್ತಿರುವ ಎಲ್ಲ ಮಾತ್ರೆಯ ಚೀಟಿ, ಹಳೇ ಕನ್ನಡಕ, ಸಕ್ಕರೆ ಮತ್ತು ಬಿಪಿ ರಿಪೋರ್ಟ್ ಜೊತೆಗಿರಲಿ. ಮನೆಯಲ್ಲಿ ಯಾರಿಗೆ ಯಾವ ಕಣ್ಣಿನ ಕಾಯಿಲೆ ಇತ್ತು ಅಂತ ಬರೆದುಕೊಂಡು ಹೋಗಿ, ಖಂಡಿತ ಕೇಳುತ್ತಾರೆ. ಸಕ್ಕರೆ ಇರುವವರು ಊಟ ಮಾತ್ರೆ ತಪ್ಪಿಸಬೇಡಿ, ಬುತ್ತಿ ಕಟ್ಟಿಕೊಳ್ಳಿ. ಅವರವರ ಜಿಲ್ಲಾಸ್ಪತ್ರೆಯಲ್ಲೂ ಕಣ್ಣಿನ ವಿಭಾಗ ಇರುತ್ತದೆ. ದೂರದವರು ತುರ್ತಿದ್ದಾಗ ಮಿಂಟೋನೇ ಬೇಕು ಅಂತ ಬಸ್ಸಿನಲ್ಲಿ ಹೊತ್ತು ಕಳೆಯದೆ ಮೊದಲು ಅಲ್ಲಿಗೆ ಹೋಗಿ. ಬರೀ ಚಾಳೀಸು ಬೇಕಾದವರಿಗೂ ಅದೇ ಸಾಕು. ಆದರೆ ಅಲ್ಲೂ ಒಂದು ಸಲ ಕಣ್ಣಿನ ಪ್ರೆಶರ್ ನೋಡಿ ಅಂತ ಕೇಳಿ. ನಲವತ್ತು ದಾಟಿದ ಎಲ್ಲರೂ.

ಡ್ರಾಪ್ಸ್ ಹಾಕಿದ ದಿನ ನಾಲ್ಕೈದು ಗಂಟೆ ಹತ್ತಿರದ್ದು ಸರಿಯಾಗಿ ಕಾಣಲ್ಲ, ಬಿಸಿಲು ಕುಕ್ಕುತ್ತದೆ. ಸ್ಕೂಟರ್ ತರಬೇಡಿ, ಯಾರನ್ನಾದರೂ ಜೊತೆಗೆ ಕರೆದುಕೊಳ್ಳಿ. ಹಸಿರು ಮಾರ್ಗದ ಮೆಟ್ರೋದಲ್ಲಿ ಕೆ.ಆರ್. ಮಾರ್ಕೆಟ್ ಸ್ಟೇಷನ್ನಿನಲ್ಲಿ ಇಳಿದರೆ ನಡೆದೇ ಹೋಗಬಹುದು. ವಯಸ್ಸಾದವರಿದ್ದರೆ ಅಲ್ಲಿಂದ ಆಟೋ ಮಾಡಿಕೊಳ್ಳಿ. ರಸ್ತೆ ದಾಟುವುದು ಕಷ್ಟ.